ತಪ್ಪಿದ ಡಿಸ್ಕಿಗೂ ಜಾಗ ಬೇಕು

ನಮ್ಮ ಅಕ್ಕನ ಮಗ ಹೋದ ವರ್ಷ ಬೆಂಗಳೂರಿನಿಂದ ಬರುವಾಗ ಚೀಲದಲ್ಲಿ ಆರು ಪ್ಲಾಸ್ಟಿಕ್ ತಟ್ಟೆ ತಂದಿದ್ದ. "ಮಾಮಾ, ಇವು ಫ್ರಿಸ್ಬಿ ಅಲ್ಲ, ಗಾಲ್ಫ್ ಡಿಸ್ಕ್" ಅಂದ. ನನಗೆ ಎರಡೂ ಒಂದೇ ಥರ ಕಂಡವು. ಕಲಬುರಗಿ ಹೊರಗೆ ನಮ್ಮ ಹೊಲ ಇದೆ. ತೊಗರಿ ಕೊಯ್ದು ಖಾಲಿ ಬಿದ್ದಿತ್ತು. ಬದುವಿನ ಹತ್ತಿರ ನಿಂತು ಒಂದನ್ನು ಎಸೆದೆ. ನೇರವಾಗಿ ಹೊರಟ ತಟ್ಟೆ ಕೊನೆಯಲ್ಲಿ ಎಡಕ್ಕೆ ಹೊರಳಿ, ಬಳ್ಳಾರಿ ಜಾಲಿ ಪೊದೆಯೊಳಗೆ ಹೋಗಿ ಕೂತಿತು. ಎರಡನೆಯದೂ ಅಲ್ಲೇ. ಮೂರನೆಯದೂ ಅಲ್ಲೇ.

"ಯಾಕೋ ತಮ್ಮಾ, ಎಲ್ಲಾ ಎಡಕ್ಕೇ ಯಾಕ ಹೊಳ್ಳತಾವ?"

"ನಂದೂ ಅಲ್ಲೇ ಹೋಗ್ತದ ಮಾಮಾ."

ಜಾಲಿ ಮುಳ್ಳು ಚುಚ್ಚಿಸಿಕೊಂಡು ಡಿಸ್ಕ್ ಎತ್ತುವಾಗ ನನಗೊಂದು ಯೋಚನೆ ಬಂತು. ಇಬ್ಬರು ಬೇರೆ ಬೇರೆ ಮನುಷ್ಯರು ಎಸೆದರೂ ತಪ್ಪು ಒಂದೇ ಕಡೆ ಬೀಳುತ್ತದೆ ಅಂದರೆ, ಆ ತಪ್ಪಿಗೊಂದು ಲೆಕ್ಕ ಇರಬೇಕು ಅಲ್ವಾ? ಡಿಸ್ಕ್ ಗಾಲ್ಫ್ ಅಂಗಳ ಯೋಜಿಸುವವರು ಮೊದಲು ಹಾಕುವುದು ಇದೇ ಲೆಕ್ಕ. ಗುರಿ ಮುಟ್ಟುವ ಡಿಸ್ಕಿನ ಬಗ್ಗೆ ಅವರಿಗೆ ಚಿಂತೆ ಇಲ್ಲ. ತಪ್ಪಿದ್ದು ಎಲ್ಲಿ ಬೀಳುತ್ತದೆ, ಅಲ್ಲಿ ಏನಿದೆ, ಯಾರಿದ್ದಾರೆ ಅನ್ನುವುದೇ ಅವರ ತಲೆನೋವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಗಾಲ್ಫ್‌ನಂಥದ್ದೇ. ಚೆಂಡಿನ ಬದಲು ಡಿಸ್ಕ್, ಕುಳಿಯ ಬದಲು ಕಂಬಕ್ಕೆ ಚೈನು ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಎಸೆಯಲು ನಿಲ್ಲುವ ಕಟ್ಟೆಗೆ ಟೀ ಅಂತಾರೆ, ಅಲ್ಲಿಂದ ಬುಟ್ಟಿಗೆ ಹೋಗುವ ದಾರಿಗೆ ಫೇರ್‌ವೇ. ಟೀಯಿಂದ ಬುಟ್ಟಿಯವರೆಗಿನ ಇಡೀ ಪಾಲಿಗೆ ಹೋಲ್ ಅಂತಲೇ ಹೆಸರು, ಕುಳಿ ಇಲ್ಲದಿದ್ದರೂ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ಎಡ್ ಹೆಡ್ರಿಕ್ ಓಕ್ ಗ್ರೋವ್ ಅನ್ನುವ ಪಾರ್ಕಿನಲ್ಲಿ ಮೊದಲ ಅಂಗಳ ಹಾಕಿದರು. ಆಗ ಗುರಿ ಅಂದರೆ ಬರೀ ಕಂಬ. ಡಿಸ್ಕ್ ತಾಗಿತು, ತಾಗಿಲ್ಲ ಅಂತ ಜಗಳ. ನಾವು ಚಿನ್ನಿದಾಂಡು ಆಡುವಾಗ ಮಾಡುತ್ತಿದ್ದ ಜಗಳವೇ. ಹೆಡ್ರಿಕ್ ಚೈನಿನ ಬುಟ್ಟಿ ಮಾಡಿ 1977ರಲ್ಲಿ ಪೇಟೆಂಟ್ ಪಡೆದರು, ಜಗಳ ನಿಂತಿತು. ಚೈನು ಯಾಕೆ ಅಂದರೆ, ಬಿಗಿಯಾದ ಕಂಬಕ್ಕೆ ಬಡಿದ ಡಿಸ್ಕ್ ಪುಟಿದು ಹಿಂದಕ್ಕೆ ಬರುತ್ತದೆ. ಸಡಿಲ ಚೈನು ತಾನೇ ಅಲ್ಲಾಡಿ, ಕೊಂಡಿಗೆ ಕೊಂಡಿ ಉಜ್ಜಿ, ಡಿಸ್ಕಿನ ಓಟವನ್ನೆಲ್ಲ ನುಂಗಿಬಿಡುತ್ತದೆ. ಆಮೇಲೆ ಅದು ಸುಮ್ನೆ ಬುಟ್ಟಿಗೆ ಬೀಳುತ್ತದೆ.

ಈಗ ಆ ಎಡದ ಹೊರಳಿಗೆ ಬರೋಣ. ಗಾಲ್ಫ್ ಡಿಸ್ಕಿನ ಅಂಚು ಫ್ರಿಸ್ಬಿಯಂತೆ ದುಂಡಗಿಲ್ಲ, ಚೂಪಾಗಿದೆ. 1983ರಲ್ಲಿ ಡೇವ್ ಡನಿಪೇಸ್ ತಂದ ಬದಲಾವಣೆ ಇದು. ಗಾಳಿಯನ್ನು ಕೊಯ್ದು ಹೋಗುತ್ತದೆ, ಅದಕ್ಕೇ ದೂರ ಹೋಗುತ್ತದೆ. ಹಾರುವ ಡಿಸ್ಕನ್ನು ಗಾಳಿ ಮೇಲಕ್ಕೆ ಎತ್ತುತ್ತಿರುತ್ತದೆ. ಆದರೆ ಸರಿಯಾಗಿ ನಡುವಿನಲ್ಲಿ ಎತ್ತುವುದಿಲ್ಲ. ವೇಗ ಕಡಿಮೆಯಾದಂತೆ ಆ ಎತ್ತುವ ಬಲ ಡಿಸ್ಕಿನ ಮುಂಭಾಗಕ್ಕೆ ಸರಿದು, ಮೂಗನ್ನು ಮೇಲಕ್ಕೆ ಎಬ್ಬಿಸಲು ನೋಡುತ್ತದೆ. ಡಿಸ್ಕ್ ತಿರುಗದೇ ಇದ್ದಿದ್ದರೆ ಅಲ್ಲೇ ಅಂಗಾತ ಮಗುಚುತ್ತಿತ್ತು. ತಿರುಗುತ್ತಿರುವುದರಿಂದ ಕಥೆ ಬೇರೆ. ತಿರುಗುವ ಬುಗುರಿಯನ್ನು ಬೆರಳಿನಿಂದ ಒಂದು ಕಡೆ ತಳ್ಳಿ ನೋಡಿ. ಅದು ತಳ್ಳಿದ ಕಡೆ ಬಾಗುವುದಿಲ್ಲ, ಅಡ್ಡಡ್ಡ ಬಾಗುತ್ತದೆ. ಡಿಸ್ಕೂ ಹಾಗೇ. ಮೂಗಿಗೆ ಬಿದ್ದ ತಳ್ಳು ರೆಕ್ಕೆಯಲ್ಲಿ, ಅಂದರೆ ಪಕ್ಕದ ಅಂಚಿನಲ್ಲಿ, ಕಾಣಿಸುತ್ತದೆ. ಬಲಗೈಯಲ್ಲಿ ಹಿಡಿದು, ಎದೆಯ ಮುಂದಿನಿಂದ ಬೀಸಿ ಎಸೆದ ಡಿಸ್ಕ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಹಾಗೆ ಸುತ್ತುವ ಡಿಸ್ಕಿನ ಮೂಗು ಎದ್ದರೆ ಎಡ ರೆಕ್ಕೆ ಕೆಳಗಾಗುತ್ತದೆ. ಎಡಕ್ಕೆ ಜಾರುತ್ತದೆ. ಎಡಗೈಯವರದ್ದು ಇದಕ್ಕೆ ಪೂರ್ತಿ ಉಲ್ಟಾ.

ಜಗತ್ತಿನಲ್ಲಿ ಬಲಗೈಯವರೇ ಜಾಸ್ತಿ. ಹಾಗಾಗಿ ಎಲ್ಲ ಹೋಲುಗಳನ್ನೂ ಎಡಕ್ಕೆ ಬಾಗಿಸಿಟ್ಟರೆ ಅವರಿಗೆ ಹಬ್ಬ, ಎಡಗೈಯವರಿಗೆ ಏಕಾದಶಿ. ಒಳ್ಳೆಯ ಅಂಗಳದಲ್ಲಿ ಎಡ ತಿರುವು, ಬಲ ತಿರುವು, ನೇರ ದಾರಿ ಎಲ್ಲವೂ ಇರುತ್ತವೆ. ಇದು ನ್ಯಾಯದ ಮಾತು. ಸುರಕ್ಷೆಯ ಮಾತು ಇನ್ನೂ ಮುಖ್ಯ. ಎಸೆಯುವಾಗ ಕೈ ಬರೀ 10 ಡಿಗ್ರಿ ತಪ್ಪಿತು ಅಂದುಕೊಳ್ಳಿ. 80 ಮೀಟರ್ ದೂರದಲ್ಲಿ ಅದು 14 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. 15 ಡಿಗ್ರಿ ತಪ್ಪಿದರೆ 21 ಮೀಟರ್. ಕಲಿಯುವವರಿಗೆ 15 ಡಿಗ್ರಿ ಏನೂ ಅಲ್ಲ. ನನ್ನ ಮೊದಲ ದಿನದ ಎಸೆತಗಳನ್ನು ಅಳೆಯಲು ಮನೆಯಲ್ಲಿದ್ದ ಕೋನಮಾಪಕ ಸಾಲುತ್ತಿರಲಿಲ್ಲ.

ಪ್ಲಾಸ್ಟಿಕ್ ತಾನೇ, ತಾಗಿದರೆ ಏನಾಗುತ್ತದೆ ಅನ್ನಬೇಡಿ. 175 ಗ್ರಾಂ ತೂಕದ ಡಿಸ್ಕ್ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋದರೆ ಅದರ ಚಲನಶಕ್ತಿ 35 ಜೂಲ್. ಅದೇ ವೇಗದ ಕ್ರಿಕೆಟ್ ಚೆಂಡಿನದು 32 ಜೂಲ್. ಜತೆಗೆ ಅಂಚು ಚೂಪು. ಅದಕ್ಕೇ ಒಂದು ಫೇರ್‌ವೇ ಇನ್ನೊಂದನ್ನು ದಾಟಬಾರದು. ಹಿಂದಿನ ಹೋಲಿನ ಡಿಸ್ಕ್ ಜಾರಿ ಬರುವ ಕಡೆ ಮುಂದಿನ ಟೀ ಇರಬಾರದು. ನಮ್ಮ ಕಡೆಯಾದರೆ ಕುರಿ ಮಂದೆ ಹಾಯುವ ದಾರಿ, ಎತ್ತಿನ ಗಾಡಿಯ ಜಾಡು, ಶಾಲೆಗೆ ಹೋಗುವ ಮಕ್ಕಳ ಕಾಲುದಾರಿ ಇವನ್ನೆಲ್ಲ ಮೊದಲು ನಕ್ಷೆಯಲ್ಲಿ ಬರೆದುಕೊಳ್ಳಬೇಕು. ಉಳಿದ ಜಾಗದಲ್ಲಿ ಆಟ. 18 ಹೋಲಿನ ಗಾಲ್ಫ್ ಮೈದಾನಕ್ಕೆ ನೂರು ಎಕರೆಗೂ ಜಾಸ್ತಿ ಬೇಕು. ಡಿಸ್ಕ್ ಗಾಲ್ಫಿಗೆ ಹೋಲಿಗೊಂದು ಎಕರೆ ಅಂತ ಹಿಡಿದರೆ ಸಾಕು. ಹುಲ್ಲಿಗೆ ನೀರು ಹಾಯಿಸುವ ಗೊಡವೆ ಇಲ್ಲ. ಟ್ಯಾಂಕರ್ ದಾರಿ ಕಾಯುವ ಜಿಲ್ಲೆಗಳಿಗೆ ಇದಕ್ಕಿಂತ ಒಪ್ಪುವ ಆಟ ನನಗಂತೂ ಹೊಳೆಯುವುದಿಲ್ಲ.

ಇನ್ನು ಬಿಸಿಲು. ನಮ್ಮ ಮೇ ತಿಂಗಳ 43 ಡಿಗ್ರಿಯಲ್ಲಿ ಮಧ್ಯಾಹ್ನ ಯಾರೂ ಆಡುವುದಿಲ್ಲ. ಬೆಳಗ್ಗೆ ಬೇಗ, ಇಲ್ಲವೇ ಸಂಜೆ ಐದರ ಮೇಲೆ. ಅಂದರೆ ಸೂರ್ಯ ಕಣ್ಣಿಗೆ ನೇರ ಹೊಡೆಯುವ ಹೊತ್ತಿನಲ್ಲೇ ನಮ್ಮ ಆಟ. ಡಿಸ್ಕ್ ಸೂರ್ಯನ ಎದುರಿಗೆ ಹೋದರೆ ಎಸೆದವನಿಗೆ ಅದೂ ಕಾಣುವುದಿಲ್ಲ, ಎದುರಿಗೆ ಯಾರಾದರೂ ಬರುತ್ತಿದ್ದರೆ ಅವರೂ ಕಾಣುವುದಿಲ್ಲ. ಹಾಗಾದರೆ ಪೂರ್ವ, ಪಶ್ಚಿಮ ಬಿಟ್ಟರಾಯಿತು ಅನ್ನಬಹುದು. ಅಷ್ಟಕ್ಕೇ ಮುಗಿಯುವುದಿಲ್ಲ. ಕಲಬುರಗಿಯ ಅಕ್ಷಾಂಶದಲ್ಲಿ ಸೂರ್ಯ ಜೂನ್‌ನಲ್ಲಿ ನೇರ ಪಶ್ಚಿಮಕ್ಕಿಂತ ಸುಮಾರು 25 ಡಿಗ್ರಿ ಉತ್ತರಕ್ಕೆ ಮುಳುಗುತ್ತಾನೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ. ಬೆಳಗಿನ ಕಡೆಯೂ ಹೀಗೇ. ಎರಡೂ ಕಡೆ 50 ಡಿಗ್ರಿ ಅಗಲದ ಪಟ್ಟಿ ಕೈಬಿಟ್ಟು ಹೋಗುತ್ತದೆ. ಉಳಿಯುವುದು ಹೆಚ್ಚುಕಮ್ಮಿ ಉತ್ತರ, ದಕ್ಷಿಣ.

ಸರಿ, ಎಲ್ಲ ಹೋಲನ್ನೂ ಉತ್ತರ ದಕ್ಷಿಣಕ್ಕೆ ಇಟ್ಟೆವು ಅಂತಿಟ್ಟುಕೊಳ್ಳಿ. ಆಗ ಗಾಳಿ ಮುನಿಸಿಕೊಳ್ಳುತ್ತದೆ. ಮುಂಗಾರಿನಲ್ಲಿ ನಮಗೆ ಗಾಳಿ ಬರುವುದು ಪಶ್ಚಿಮ, ನೈರುತ್ಯದಿಂದ. ಪ್ರತಿ ಹೋಲಿಗೂ ಅಡ್ಡಗಾಳಿ, ಆಟ ಬೇಸರ. ಗಾಳಿ ಒಮ್ಮೆ ಎದುರಿಗೆ, ಒಮ್ಮೆ ಬೆನ್ನಿಗೆ ಬಂದರೇ ಮಜಾ. ಎತ್ತುವ ಬಲ ಗಾಳಿಗೆ ಹೋಲಿಸಿದ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಸೆಕೆಂಡಿಗೆ 20 ಮೀಟರ್ ಹೋಗುವ ಡಿಸ್ಕಿಗೆ 4 ಮೀಟರ್ ಎದುರುಗಾಳಿ ಸಿಕ್ಕರೆ ಆ ಬಲ ಶೇ. 44 ಜಾಸ್ತಿ. ಅಷ್ಟೇ ಗಾಳಿ ಬೆನ್ನಿಗಿದ್ದರೆ ಶೇ. 36 ಕಡಿಮೆ. ಅದೇ ಕೈ, ಅದೇ ಡಿಸ್ಕ್. ಹೋಗುವಾಗ ಗಾಳಿಪಟದಂತೆ ಏಳುತ್ತದೆ, ಬರುವಾಗ ರೊಟ್ಟಿಯಂತೆ ಬೀಳುತ್ತದೆ. ನಾವು ಮಾಡಿದ ರಾಜಿ ಹೀಗಿದೆ: ಪಶ್ಚಿಮಕ್ಕೆ ಮುಖ ಮಾಡಿದ ಎರಡು ಹೋಲನ್ನು ಒಂದು ಹಳೆಯ ಬೇವಿನ ಸಾಲಿನ ಹಿಂದೆ ಇಟ್ಟೆವು. ಗಿಡ ಸಂಜೆ ಸೂರ್ಯನನ್ನು ತಡೆಯುತ್ತದೆ. ಸ್ವಲ್ಪ ಗಾಳಿಯನ್ನೂ ತಡೆಯುತ್ತದೆ, ಏನು ಮಾಡೋಕಾಗುತ್ತೆ.

ಇಷ್ಟೆಲ್ಲ ಕಾಗದದ ಮೇಲೆ ಆಯಿತು. ನಮ್ಮನ್ನು ನಿಜವಾಗಿ ಸೋಲಿಸಿದ್ದು ಕಾಲ ಕೆಳಗಿನ ಎರಿ ಮಣ್ಣು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಮೇಲೆ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಆದದ್ದು ಈ ಕಪ್ಪು ಮಣ್ಣು. ತೊಗರಿಗೆ ಇದು ತಾಯಿ ಇದ್ದ ಹಾಗೆ. ಕಂಬಕ್ಕೆ ಮಾತ್ರ ಮಲತಾಯಿ. ಇದರ ಜೇಡಿಯ ಕಣಗಳು ತೆಳುವಾದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ಮಳೆ ನೀರು ಹಾಳೆಗಳ ನಡುವೆ ನುಗ್ಗುತ್ತದೆ, ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಆರಿ ಕುಗ್ಗುತ್ತದೆ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಉಬ್ಬುವುದು, ಕುಗ್ಗುವುದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನಾವು ಮೇ ತಿಂಗಳಲ್ಲಿ ಎರಡು ಅಡಿ ಗುಂಡಿ ತೋಡಿ, ಸಿಮೆಂಟು ಸುರಿದು, ಗುಂಡು ಕಟ್ಟಿ ನೋಡಿ ನೆಟ್ಟ ಬುಟ್ಟಿ ಶ್ರಾವಣ ಬರುವಷ್ಟರಲ್ಲಿ ಕುಡಿದವರಂತೆ ವಾಲಿತ್ತು. ಟೀಗೆಂದು ಹಾಕಿದ ಕಾಂಕ್ರೀಟ್ ಹಾಸು ನಡುವೆ ಸೀಳಿತ್ತು.

ಕಪ್ಪು ಮಣ್ಣಿನಲ್ಲಿ ಮನೆ ಕಟ್ಟುವವರಿಗೆ ಇದು ಹಳೆಯ ಕಾಟ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದಕ್ಕೆಂದೇ ತಳದಲ್ಲಿ ಗಡ್ಡೆಯಂತೆ ಉಬ್ಬಿದ ಪೈಲ್, ಅಂದರೆ ಅಡಿಪಾಯದ ಕಂಬ, ರೂಪಿಸಿತು. ಉಬ್ಬುವ, ಕುಗ್ಗುವ ಪದರವನ್ನು ದಾಟಿ ಆಳಕ್ಕೆ ಹೋಗಿ, ಅಲ್ಲಿ ಗಡ್ಡೆ ಕಚ್ಚಿ ಕೂರುತ್ತದೆ. ಆದರೆ ಒಂದು ಬುಟ್ಟಿಗೆ ಅಷ್ಟು ಖರ್ಚು ಯಾರು ಮಾಡ್ತಾರೆ? ನಾವು ಮೇಸ್ತ್ರಿಯ ಮಾತು ಕೇಳಿದೆವು. ಗುಂಡಿಯನ್ನು ಅಗಲ ಮಾಡಿ, ಎರಿ ಮಣ್ಣು ತೆಗೆದು, ಮುರುಮ್, ಅಂದರೆ ಗರಸು ಮಣ್ಣು, ತುಂಬಿ ಗುದ್ದಿದೆವು. ಮುರುಮ್ ಉಬ್ಬುವುದಿಲ್ಲ. ಅದರ ನಡುವೆ ಒಂದು ಅಗಲದ ಪೈಪ್ ಹೂತು, ಬುಟ್ಟಿಯ ಕಂಬವನ್ನು ಅದರೊಳಗೆ ಇಳಿಸಿದೆವು. ವಾಲಿದರೆ ಎತ್ತಿ ಸರಿಮಾಡಬಹುದು. ಇನ್ನೊಂದು ಲಾಭವೂ ಇದೆ. ಬುಟ್ಟಿಯ ಸುತ್ತ ಎಲ್ಲರೂ ತುಳಿದು ತುಳಿದು ನೆಲ ಗಟ್ಟಿಯಾಗುತ್ತದೆ, ಹುಲ್ಲು ಸಾಯುತ್ತದೆ, ಮಳೆಗೆ ಕೊರಕಲು ಬೀಳುತ್ತದೆ. ಪ್ರತಿ ಹೋಲಿಗೂ ಎರಡು ಮೂರು ಕಡೆ ಪೈಪ್ ಹೂತಿಟ್ಟರೆ ಬುಟ್ಟಿಯನ್ನು ಆಗಾಗ ಬದಲಿಸಬಹುದು. ನೆಲಕ್ಕೆ ಉಸಿರು, ಆಟಗಾರರಿಗೆ ಹೊಸ ಹೋಲು.

ಟೀಗೆ ಉತ್ತರ ನಮ್ಮ ಮನೆಯ ನೆಲದಲ್ಲೇ ಇತ್ತು. ಶಹಾಬಾದ್ ಫರ್ಸಿ. ಮುರುಮ್ ಮೇಲೆ ಫರ್ಸಿ ಹಾಸಿ, ಸಂದಿಗೆ ಸಿಮೆಂಟು ಹಾಕದೆ ಉಸುಕು ತುಂಬಿದರೆ, ನೆಲ ಅಲ್ಲಾಡಿದಾಗ ಕಲ್ಲುಗಳೂ ಒಂದೊಂದಾಗಿ ಅಲ್ಲಾಡುತ್ತವೆ, ಸೀಳುವುದಿಲ್ಲ. ಎದ್ದ ಕಲ್ಲನ್ನು ತೆಗೆದು ಮತ್ತೆ ಕೂರಿಸಿದರಾಯಿತು. ಪಾಲಿಶ್ ಮಾಡಿದ್ದು ಮಾತ್ರ ಬೇಡ, ಮಳೆಯಲ್ಲಿ ಜಾರಿಸಿ ಬೀಳಿಸುತ್ತದೆ. ಒರಟು ಮುಖದ್ದೇ ಬೇಕು. ಅದು ಅಗ್ಗವೂ ಹೌದು.

ಬೀದರಿನ ಗೆಳೆಯರೊಬ್ಬರು ಈ ಪಾಡು ನೋಡಿ ನಕ್ಕರು. "ನಮ್ಮಲ್ಲಿ ಬರ್ರಿ, ಕೆಂಪು ಕಲ್ಲದ, ಕಂಬ ನೂರು ವರ್ಷ ಅಲ್ಲಾಡಂಗಿಲ್ಲ" ಅಂದರು. ಹೋಗಿ ನೋಡಿದೆ. ಬೀದರ್ ಕೂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕೋಟೆಯ ಕೆಂಪೂ ಅದರದ್ದೇ. ಈ ಕಲ್ಲು ತೂತು ತೂತು, ಮಳೆ ನಿಂತ ಅರ್ಧ ಗಂಟೆಗೆ ನಡೆಯಬಹುದು. ನಮ್ಮಲ್ಲಾದರೆ ಎರಡು ದಿನ ಚಪ್ಪಲಿಗೆ ಅರ್ಧ ಕಿಲೋ ಮಣ್ಣು. ಆದರೆ ಅಲ್ಲಿ ಗುಂಡಿ ತೋಡಲು ಹಾರೆ ಸಾಲದು, ಡ್ರಿಲ್ ಬೇಕು. ಕಲ್ಲಿಗೆ ಉಜ್ಜಿ ಡಿಸ್ಕಿನ ಅಂಚು ಬೇಗ ಹರಿಯುತ್ತದೆ. ಅಂಚು ಹರಿದ ಡಿಸ್ಕ್ ಹಾರುವ ರೀತಿಯೇ ಬೇರೆ. ಅಳಿಯ ಕೊಟ್ಟ ಕೆಂಪು ಡಿಸ್ಕನ್ನು ಅಲ್ಲಿ ಎಸೆದು ಇಪ್ಪತ್ತು ನಿಮಿಷ ಹುಡುಕಿದೆ, ಸಿಗಲೇ ಇಲ್ಲ. ಬೀದರಿಗೆ ನೀಲಿ ಒಯ್ಯಬೇಕು. ನಮ್ಮ ಎರಿ ಹೊಲಕ್ಕೆ ಹಳದಿ ಚೆಂದ, ಜೋಳದ ಕೂಳೆ ಇದ್ದಾಗ ಅದೂ ಮಾಯ.

ಇನ್ನೊಂದು ಸಣ್ಣ ವಿಷಯ. ಬೀದರ್ ಸಮುದ್ರಮಟ್ಟಕ್ಕಿಂತ 660 ಮೀಟರಿನಷ್ಟು ಎತ್ತರದಲ್ಲಿದೆ. ಎತ್ತರ ಏರಿದಷ್ಟೂ ಗಾಳಿ ತೆಳು, ಬಿಸಿಯಾದಷ್ಟೂ ತೆಳು. ಲೆಕ್ಕ ಹಾಕಿದರೆ ಅಲ್ಲಿ 40 ಡಿಗ್ರಿಯ ಸಂಜೆಯ ಗಾಳಿ 15 ಡಿಗ್ರಿಯ ಚಳಿಗಾಲದ ಬೆಳಗಿಗಿಂತ ಶೇ. 8ರಷ್ಟು ಹಗುರ. ಎತ್ತುವ ಬಲವೂ ಅಷ್ಟೇ ಇಳಿಯುತ್ತದೆ. ಜನವರಿಯಲ್ಲಿ ಅಳೆದು ಬರೆದ ಲೆಕ್ಕ ಮೇ ತಿಂಗಳಿಗೆ ಪೂರ್ತಿ ಕೂಡುವುದಿಲ್ಲ.

ನಮ್ಮ ಹೊಲದಲ್ಲಿ ಈಗ ಒಂಬತ್ತು ಹೋಲುಗಳಿವೆ. ಬುಟ್ಟಿಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಸೈಕಲ್ ರಿಮ್ ಬಳಸಿ ಮಾಡಿಸಿದ್ದು, ಚೈನು ಕಡಿಮೆ ಇದೆ, ಬುಟ್ಟಿಗೆ ಬೀಳಬೇಕಾದ ಡಿಸ್ಕ್ ಕೆಲವು ಸಲ ತೂರಿ ಆಚೆ ಹೋಗುತ್ತದೆ. ಮೊದಲ ಟೀಯನ್ನು ಹದಿನಾಲ್ಕು ಹೆಜ್ಜೆ ಬಲಕ್ಕೆ ಸರಿಸಿದ್ದೇವೆ. ಎಡಕ್ಕೆ ಹೊರಳಿದ ಡಿಸ್ಕ್ ಈಗ ಜಾಲಿ ಪೊದೆ ಮುಟ್ಟುವುದಿಲ್ಲ, ಬಯಲಲ್ಲೇ ಬೀಳುತ್ತದೆ. ಗೆದ್ದೆವು ಅಂದುಕೊಂಡು ಒಂದು ವಾರ ಆಡಿದೆವು. ಆಮೇಲೆ ಪಕ್ಕದ ಹೊಲದವರ ಮಗಳು ನಾನೂ ಎಸೀತೀನ್ರಿ ಅಂತ ಬಂದಳು. ಡಿಸ್ಕ್ ಹಿಡಿದದ್ದು ಎಡಗೈಯಲ್ಲಿ. ಚೆನ್ನಾಗಿಯೇ ಎಸೆದಳು. ಅದು ನೇರ ಹೋಗಿ, ಕೊನೆಗೆ ಬಲಕ್ಕೆ ಹೊರಳಿ, ಬಾವಿಯೊಳಗೆ ಬಿತ್ತು.

ಅಳಿಯ ಏನೂ ಮಾತಾಡದೆ ಅಳತೆ ಟೇಪ್ ತರಲು ಮನೆ ಕಡೆ ಹೊರಟ.