ಸಿಟ್ಟಿಗೆ ಯಾವ ಆಸನ?

ಹೊಸದಾಗಿ ಯೋಗ ಕಲಿಯಲು ಬರುವ ಹೆಚ್ಚಿನವರು ಔಷಧಿ ಚೀಟಿ ಬರೆಸಿಕೊಳ್ಳಲು ಬಂದವರ ಹಾಗೆ ಬರುತ್ತಾರೆ. "ಮೇಡಂ, ಸಿಟ್ಟಿಗೆ ಯಾವ ಆಸನ?" "ನಿದ್ದೆ ಬರಲ್ಲ, ಯಾವ ಪ್ರಾಣಾಯಾಮ?" "ಮನಸ್ಸಿಗೆ ತುಂಬಾ ಬೇಜಾರು, ಯಾವ ಮುದ್ರೆ ಹಿಡೀಬೇಕು?" ಬೆನ್ನು ನೋವಿಗೆ ಹೀಗೆ ಕೇಳಿದರೆ ನನಗೇನೂ ಬೇಸರವಿಲ್ಲ. ಡಾಕ್ಟರು ಏನು ಹೇಳಿದ್ದಾರೆ ಕೇಳಿ, ವರದಿ ನೋಡಿ, ಎರಡು ಮೂರು ಆಸನ ಹೇಳಿಕೊಡುತ್ತೇನೆ. ಆದರೆ ಸಿಟ್ಟಿಗೆ ಅಂತ ಒಂದು ಆಸನ ಇಲ್ಲ. ದುಃಖಕ್ಕೆ ಅಂತ ಒಂದು ಮುದ್ರೆ ಇಲ್ಲ. ತರಗತಿಯಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಯೋಗದ ಈ ಎಂಟು ಅಂಗಗಳ ಹೆಸರು ನೀವು ಕೇಳಿರುತ್ತೀರಿ, ಅವನ್ನು ಒಂದೊಂದಾಗಿ ವಿವರಿಸಲು ಹೋಗುವುದಿಲ್ಲ. ಈ ಎಂಟೂ ಯಾವ ದುಃಖದ ಮೇಲೆ ಕೆಲಸ ಮಾಡುತ್ತವೆ ಅನ್ನುವುದರಲ್ಲೇ ಜನ ಎಡವುತ್ತಾರೆ. ನಾನು ಹೇಳಬೇಕಾದದ್ದು ಅದೊಂದೇ.

ಪತಂಜಲಿ ಮಹರ್ಷಿಗಳು ಎಂಟು ಅಂಗಗಳ ಪಟ್ಟಿ ಕೊಡುವುದು ಯೋಗಸೂತ್ರದ ಎರಡನೇ ಪಾದದ (ಅಧ್ಯಾಯದ) 29ನೇ ಸೂತ್ರದಲ್ಲಿ. ಅದಕ್ಕೂ ಮೊದಲೇ, 16ನೇ ಸೂತ್ರದಲ್ಲಿ, ಮೂರೇ ಪದಗಳಲ್ಲಿ ಒಂದು ಮಾತು ಹೇಳಿರುತ್ತಾರೆ: 'ಹೇಯಂ ದುಃಖಮನಾಗತಮ್'. ಇನ್ನೂ ಬಾರದಿರುವ ದುಃಖವನ್ನು ತಪ್ಪಿಸಬೇಕು. ಯೋಗಸೂತ್ರಕ್ಕಿರುವ ಹಳೆಯ ವಿವರಣೆಯಾದ ವ್ಯಾಸಭಾಷ್ಯ ಇದನ್ನು ಬಿಡಿಸಿ ಹೇಳುತ್ತದೆ. ಆಗಿಹೋದ ದುಃಖವನ್ನು ಅನುಭವಿಸಿ ಆಯಿತು. ಈ ಕ್ಷಣದ ದುಃಖ ಅನುಭವದಲ್ಲೇ ಇದೆ. ತಪ್ಪಿಸಲು ಉಳಿದಿರುವುದು ಮುಂದೆ ಬರುವ ದುಃಖ ಮಾತ್ರ. ಪಟ್ಟಿ ಬಾಯಿಪಾಠ ಇರುವವರಿಗೂ ಈ ಸೂತ್ರ ನೆನಪಿರುವುದಿಲ್ಲ. ಇದನ್ನು ಬಿಟ್ಟು ಎಂಟು ಅಂಗ ಹಿಡಿದರೆ ಎಂಟೂ ನೋವಿನ ಮಾತ್ರೆಗಳ ಹಾಗೆ ಕಾಣುತ್ತವೆ.

ಗಂಡನನ್ನು ಕಳೆದುಕೊಂಡ ಒಬ್ಬರು ನನ್ನ ತರಗತಿಗೆ ಬರುತ್ತಿದ್ದರು. (ಇಲ್ಲಿ ಹೇಳುವವರ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ.) ಆಸನಗಳೆಲ್ಲ ಮುಗಿದು ಶವಾಸನದಲ್ಲಿ ಮಲಗಿದ ಕೂಡಲೇ ಅವರ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಪಕ್ಕ ಮ್ಯಾಟು ಒದ್ದೆಯಾಗುತ್ತಿತ್ತು. ಒಂದು ದಿನ ಕೇಳಿದರು: "ಇಷ್ಟು ದಿನ ಮಾಡಿದ್ರೂ ಅಳು ನಿಂತಿಲ್ಲ ಮೇಡಂ. ನಾನೇ ಸರಿಯಾಗಿ ಮಾಡ್ತಿಲ್ವಾ?" ಅಳೋದು ತಪ್ಪಲ್ಲಮ್ಮ, ಅದನ್ನು ನಿಲ್ಲಿಸೋಕೆ ನಾನು ಏನೂ ಹೇಳಿಕೊಡ್ತಿಲ್ಲ ಅಂದೆ. ಮಾತು ಮುಂದುವರಿದಾಗ ಇನ್ನೊಂದು ವಿಷಯ ಹೊರಬಂತು. ಗಂಡ ಆಸ್ಪತ್ರೆಯಲ್ಲಿದ್ದಾಗ ಇವರ ತಂಗಿ ನೋಡಲು ಬಂದಿರಲಿಲ್ಲ. ಈಗ ತಂಗಿ ಫೋನ್ ಮಾಡಿದರೆ ಇವರು ಎತ್ತುವುದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ತಂಗಿಗೆ ಏನೇನು ಅನ್ನಬೇಕೋ ಅದನ್ನೆಲ್ಲ ಮನಸ್ಸಿನಲ್ಲೇ ಅನ್ನುತ್ತಾರೆ. ದಿನಾ ಅದೇ ಮಾತು, ಪ್ರತಿ ಸಲ ಇನ್ನೊಂಚೂರು ಖಾರವಾಗಿ.

ಗಂಡ ಹೋದ ದುಃಖ ಬಂದಾಗಿದೆ. ಅದಕ್ಕೆ ಕಾಲ ಬೇಕು, ಜೊತೆಗೆ ಕೂರುವ ಜನ ಬೇಕು. ತಂಗಿಯ ದುಃಖ ಹಾಗಲ್ಲ, ಅದು ಇನ್ನೂ ತಯಾರಾಗುತ್ತಿದೆ. ಅದೂ ರಾತ್ರಿ ಹಾಸಿಗೆಯಲ್ಲಿ, ಇವರ ಕೈಯಿಂದಲೇ. ದುಃಖದ ಬೆನ್ನಿಗೇ ದ್ವೇಷ ಬಂದು ಕೂರುತ್ತದೆ ಅಂತ ಅದೇ ಪಾದದ 8ನೇ ಸೂತ್ರ ಹೇಳುತ್ತದೆ. ಆಗಿರುವ ಸಾವನ್ನು ಯಾವ ಯೋಗವೂ ಹಿಂದಕ್ಕೆ ತಿರುಗಿಸುವುದಿಲ್ಲ. ಆದರೆ ಇದ್ದ ಒಬ್ಬ ತಂಗಿಯನ್ನೂ ಕಳೆದುಕೊಳ್ಳುವುದನ್ನು ತಪ್ಪಿಸಬಹುದು. ನಾನು ಅವರ ಜೊತೆ ಕೆಲಸ ಮಾಡಿದ್ದು ಇದರ ಮೇಲೆ.

ಹಾಗಾದರೆ ಆಸನ ಮಾಡಿದ ಮೇಲೆ ಮನಸ್ಸು ಹಗುರಾಗುವುದು ಸುಳ್ಳಾ? ಖಂಡಿತ ಅಲ್ಲ. ಮನಸ್ಸು ಚದುರಿದಾಗ ಅದರ ಜೊತೆಯಲ್ಲೇ ದುಃಖ, ಬೇಸರ, ಮೈ ನಡುಕ, ಏರುಪೇರಾದ ಉಸಿರು ಇರುತ್ತವೆ ಅಂತ ಪತಂಜಲಿಯೇ ಮೊದಲ ಪಾದದಲ್ಲಿ ಹೇಳಿದ್ದಾರೆ. ಮೈ ಮತ್ತು ಉಸಿರು ಸಮಾಧಾನಕ್ಕೆ ಬಂದರೆ ಉಳಿದದ್ದೂ ಸ್ವಲ್ಪ ಹೊತ್ತು ತಣ್ಣಗಾಗುತ್ತದೆ. ನಾನು ದಿನಾ ಕಣ್ಣಾರೆ ನೋಡುತ್ತೇನೆ. ಪ್ರಶ್ನೆ ಇರುವುದು ಆ 'ಸ್ವಲ್ಪ ಹೊತ್ತು' ಅನ್ನುವುದರಲ್ಲಿ.

ದ್ವೇಷದಂಥ, ದುಃಖಕ್ಕೆ ಬೇರಾಗುವ ಮನಸ್ಸಿನ ದೋಷಗಳನ್ನು ಪತಂಜಲಿ ಕ್ಲೇಶ ಅನ್ನುತ್ತಾರೆ. ಈ ಕ್ಲೇಶಗಳು ನಾಲ್ಕು ಸ್ಥಿತಿಯಲ್ಲಿ ಇರುತ್ತವಂತೆ. ನಿದ್ದೆಯಲ್ಲಿರುವುದು, ತೆಳುವಾಗಿರುವುದು, ನಡುವೆ ಕಡಿದುಹೋಗಿರುವುದು, ಪೂರ್ತಿ ಎದ್ದು ನಿಂತಿರುವುದು. ತರಗತಿ ಮುಗಿಸಿ ನಗುನಗುತ್ತಾ ಹೊರಟವರು ಗೇಟು ದಾಟುವಷ್ಟರಲ್ಲಿ ಗಾಡಿ ಅಡ್ಡ ನಿಲ್ಲಿಸಿದವನ ಮೇಲೆ ಕೂಗಾಡುತ್ತಾರಲ್ಲ, ಅವರ ಸಿಟ್ಟು ತರಗತಿಯಲ್ಲಿ ಹೋಗಿರಲಿಲ್ಲ. ಕಡಿದಿತ್ತು, ಅಷ್ಟೆ. ನಾವು ಇದನ್ನು ನೋಡಿ 'ಯೋಗದಿಂದ ಸಿಟ್ಟು ಹೋಯಿತು' ಅಂದುಕೊಳ್ಳುತ್ತೇವೆ. ಆಮೇಲೆ ಅದು ಮರಳಿ ಬಂದಾಗ 'ಯೋಗ ನನಗೆ ಒಗ್ಗಲಿಲ್ಲ' ಅನ್ನುತ್ತೇವೆ. ಎರಡೂ ತಪ್ಪು. ಸಿಟ್ಟು ಕಡಿಯುವುದು ಬೇರೆ, ತೆಳುವಾಗುವುದು ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ತೆಳುವಾಗಿಸುವುದಕ್ಕೆ ಪತಂಜಲಿ ಹೇಳಿರುವುದು ತಪಸ್ಸು, ಸ್ವಾಧ್ಯಾಯ (ತನ್ನನ್ನು ತಿಳಿಯುವ ಓದು, ಜಪ), ಈಶ್ವರಪ್ರಣಿಧಾನ (ಎಲ್ಲವನ್ನೂ ದೇವರಿಗೆ ಒಪ್ಪಿಸುವುದು). ಈ ಮೂರೂ ನಿಯಮದೊಳಗಿವೆ. ಅಂದರೆ, ಆಸನಕ್ಕಿಂತ ಮೊದಲು ಬರುವ ಯಮ, ನಿಯಮ ಎರಡು ಅಂಗಗಳ ಪಾಠದಲ್ಲಿ. ಜನ ಆಕಳಿಸುವುದೂ ಆ ಪಾಠದಲ್ಲೇ.

ಆಕಳಿಸುವುದಕ್ಕೆ ಕಾರಣ ಇದೆ. ಯಮ ಅಂದರೆ ಐದು: ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ, ಅಪರಿಗ್ರಹ (ಬೇಡದ್ದನ್ನು ಕೂಡಿಡದಿರುವುದು). ಇವನ್ನು ಹೇಳಿದ ತಕ್ಷಣ ಶಾಲೆಯ ನೀತಿಪಾಠ ನೆನಪಾಗುತ್ತದೆ. "ಒಳ್ಳೆಯವರಾಗಿರಿ ಅಂತ ತಾನೇ ಮೇಡಂ, ಗೊತ್ತು, ಮುಂದಕ್ಕೆ ಹೋಗೋಣ." ಇಲ್ಲ, ಮುಂದಕ್ಕೆ ಹೋಗುವುದು ಬೇಡ. ನಾಳೆಯ ದುಃಖ ಎಲ್ಲಿಂದ ಒಳಗೆ ಬರುತ್ತದೆ ಅನ್ನುವ ಲೆಕ್ಕ ಯಮದಲ್ಲಿದೆ.

ಒಬ್ಬರ ಕತೆ ಹೇಳುತ್ತೇನೆ. ಒಂದಷ್ಟು ಜನರ ಮೇಲ್ವಿಚಾರಣೆ ಮಾಡುವ ಕೆಲಸ ಅವರದು. ಆಸನದಲ್ಲಿ ಬಹಳ ಚೆನ್ನಾಗಿದ್ದರು. ವೃಕ್ಷಾಸನದಲ್ಲಿ ಒಂಟಿಕಾಲಲ್ಲಿ ಅಲುಗಾಡದೆ ನಿಲ್ಲುತ್ತಿದ್ದರು. ಆದರೆ ಪಕ್ಕದವರ ಕೈ ಇವರ ಮ್ಯಾಟಿನ ಗೆರೆ ದಾಟಿದರೆ ಸಾಕು, ದವಡೆ ಬಿಗಿಯುತ್ತಿತ್ತು. ಕಾಲು ಮಾತ್ರ ಹಾಗೇ ನೆಟ್ಟಗೆ ನಿಂತಿರುತ್ತಿತ್ತು. ಸಿಟ್ಟಿಗೆ ಏನಾದರೂ ಕೊಡಿ ಅಂತ ಅವರೂ ಕೇಳಿದ್ದರು. ನಾನು ಅವರಿಗೆ ಕೊಟ್ಟಿದ್ದು ಎರಡನೇ ಪಾದದ 33 ಮತ್ತು 34ನೇ ಸೂತ್ರ. ಹಿಂಸೆಯಂಥವು ಮೂರು ಬಗೆಯಲ್ಲಿ ನಡೆಯುತ್ತವೆ: ತಾನೇ ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದನ್ನು ಸರಿ ಅಂತ ಒಪ್ಪುವುದು. ಹಿಂದಿನ ಕಾರಣವೂ ಮೂರು, ಲೋಭ, ಕ್ರೋಧ, ಮೋಹ. ತೀವ್ರತೆಯೂ ಮೂರು, ಮೃದು, ಮಧ್ಯಮ, ಅತಿ. ವ್ಯಾಸಭಾಷ್ಯ ಇವನ್ನು ಗುಣಿಸಿ 27 ಬಗೆಯ ಹಿಂಸೆ ಅನ್ನುತ್ತದೆ. ನಾನು ಅಷ್ಟು ದೂರ ಹೋಗಲಿಲ್ಲ. "ಸಿಟ್ಟು ಬಿಡೋಕೆ ಹೋಗಬೇಡಿ. ರಾತ್ರಿ ಮಲಗೋ ಮುಂಚೆ ಇವತ್ತು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಅಂತ ಮೂರು ಸಾಲು ಬರೀರಿ" ಅಂದೆ.

ಕೆಲವು ದಿನ ಬಿಟ್ಟು ಬಂದು ಅವರು ಹೇಳಿದ ಮಾತು ನನಗೆ ತುಂಬಾ ಇಷ್ಟವಾಯಿತು. "ಮೇಡಂ, ಮಾಡಿದ್ದು ಕಮ್ಮಿ, ಮಾಡಿಸಿದ್ದೇ ಜಾಸ್ತಿ." ಅವರು ಯಾರಿಗೂ ಎದುರಿಗೆ ಬೈಯುತ್ತಿರಲಿಲ್ಲವಂತೆ. ಕೆಳಗಿನ ಹುಡುಗನೊಬ್ಬನನ್ನು ಕರೆದು, ಅವನ ಬಾಯಲ್ಲಿ ಬೈಸುತ್ತಿದ್ದರಂತೆ. ಅದಕ್ಕೇ ತಾವು ಶಾಂತ ಸ್ವಭಾವದವರು ಅಂತ ಅವರಿಗೆ ನಂಬಿಕೆ ಇತ್ತು. ರಾತ್ರಿ ಯಾಕೆ ನಿದ್ದೆ ಬರಲ್ಲ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಮೂರನೇ ಸಾಲಿನಲ್ಲಿ, ಅಂದರೆ ಒಪ್ಪಿದ್ದರ ಸಾಲಿನಲ್ಲಿ, ಜಗಳದ ವಿಡಿಯೊಗಳು ಬಂದಿದ್ದವು. ಯಾರನ್ನೋ ನಾಲ್ಕು ಜನ ಸೇರಿ ಅವಮಾನ ಮಾಡುವುದನ್ನು ನೋಡಿ ನಕ್ಕು, ಇನ್ನೊಬ್ಬರಿಗೆ ಕಳಿಸುವುದು. ನೋಡಿ, ಇದಕ್ಕೆ ಯಾವ ಆಸನ ಹೇಳಲಿ?

ಅವರ ಸಿಟ್ಟು ಪೂರ್ತಿ ಹೋಯಿತು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವ ಯೋಗಶಿಕ್ಷಕರನ್ನು ನಂಬಬೇಡಿ. ಆ ಹುಡುಗನನ್ನು ಕರೆಯುವುದು ನಿಂತಿತು. ಹೇಳಬೇಕಾದದ್ದನ್ನು ತಾವೇ ಹೇಳತೊಡಗಿದರು, ಒಮ್ಮೊಮ್ಮೆ ಜೋರಾಗಿಯೇ. ಸೂತ್ರ ಹೇಳುವ ಪ್ರತಿಪಕ್ಷ ಭಾವನೆಯೂ, ಅಂದರೆ ಎದುರು ಯೋಚನೆ ತಂದುಕೊಳ್ಳುವುದೂ, ಹೀಗೆಯೇ ಶುರುವಾಗುವುದು. ಸಿಟ್ಟು ಬಂದ ತಕ್ಷಣ ಬಲವಂತವಾಗಿ ಪ್ರೀತಿ ತಂದುಕೊಳ್ಳಿ ಅಂತ ಅದು ಹೇಳುವುದಿಲ್ಲ. ಇದರ ಫಲ ಮುಗಿಯದ ದುಃಖ, ಮುಗಿಯದ ಅಜ್ಞಾನ ಅಂತ ನೆನೆಸಿಕೋ ಅನ್ನುತ್ತದೆ. ಮತ್ತೆ ಅದೇ ಬಾರದ ದುಃಖದ ಮಾತು.

ಯಮದ ಬಗ್ಗೆ ಇನ್ನೊಂದು ತಕರಾರು ಯಾವಾಗಲೂ ಬರುತ್ತದೆ: "ಈ ಕಾಲದಲ್ಲಿ ವ್ಯವಹಾರ ಅಂದ್ಮೇಲೆ ಸುಳ್ಳು ಹೇಳದೆ ಆಗುತ್ತಾ?" ಈ ತಕರಾರು ಹೊಸದಲ್ಲ. ಜಾತಿ, ದೇಶ, ಕಾಲ, ಸಂದರ್ಭ ಯಾವುದರ ವಿನಾಯಿತಿಯೂ ಇಲ್ಲದೆ ಪಾಲಿಸಿದರೆ ಯಮ ಮಹಾವ್ರತವಾಗುತ್ತದೆ ಅಂತ 31ನೇ ಸೂತ್ರ. ಇಲ್ಲಿ ಭಾಷ್ಯ ಮೀನುಗಾರನ ಉದಾಹರಣೆ ಕೊಡುತ್ತದೆ: ನನ್ನ ಹಿಂಸೆ ಮೀನಿಗೆ ಮಾತ್ರ, ಬೇರೆ ಯಾವುದಕ್ಕೂ ಇಲ್ಲ ಅನ್ನುವವನು. ಇನ್ನೊಬ್ಬ, ತೀರ್ಥಕ್ಷೇತ್ರದಲ್ಲಿ ಮಾತ್ರ ಕೊಲ್ಲುವುದಿಲ್ಲ ಅನ್ನುವವನು. ಸಂಸಾರ ಮಾಡುವವರೆಲ್ಲ ಮಹಾವ್ರತ ಹಿಡಿಯಬೇಕು ಅಂತ ನಾನು ಹೇಳುತ್ತಿಲ್ಲ, ಹೇಳುವ ಅರ್ಹತೆಯೂ ನನಗಿಲ್ಲ. ನಿಮ್ಮ ವಿನಾಯಿತಿ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ ಅನ್ನುತ್ತೇನೆ. ಆಫೀಸಿನಲ್ಲಿ ಮಾತ್ರ, ಅತ್ತೆ ಮನೆಯವರ ವಿಷಯದಲ್ಲಿ ಮಾತ್ರ, ಅಣ್ಣನ ಹತ್ತಿರ ಮಾತ್ರ. ಧ್ಯಾನಕ್ಕೆ ಕೂತಾಗ ಮನಸ್ಸು ಮತ್ತೆ ಮತ್ತೆ ಓಡುವುದು ಎಲ್ಲಿಗೆ ಅಂತ ಕೇಳಿದರೆ, ನನ್ನ ಅನುಭವದಲ್ಲಿ ಬಹುತೇಕ ಆ 'ಮಾತ್ರ' ಇರುವ ಕಡೆಗೇ.

ಆಸನದ ಬಗ್ಗೆ ಪತಂಜಲಿ ಬರೆದಿರುವುದು ಮೂರೇ ಸೂತ್ರ. ಒಟ್ಟು ಇರುವುದು 195, ಕೆಲವು ಪಾಠಗಳಲ್ಲಿ 196. ಸ್ಥಿರವಾಗಿ ಸುಖವಾಗಿ ಕೂರುವುದು, ಪ್ರಯತ್ನವನ್ನು ಸಡಿಲ ಬಿಡುವುದು, ಆಗ ಚಳಿ ಸೆಕೆಯಂಥ ಜೋಡಿಗಳು ಬಾಧಿಸದಿರುವುದು. ಆಸನಗಳ ಪಟ್ಟಿ ಬೆಳೆದಿದ್ದು ಆಮೇಲಿನ ಗ್ರಂಥಗಳಲ್ಲಿ. ಹಠಯೋಗ ಪ್ರದೀಪಿಕೆಯಲ್ಲಿ 15, ಘೇರಂಡ ಸಂಹಿತೆಯಲ್ಲಿ 32. ನಾವು ಇವತ್ತು ಮಾಡುವ ಹೆಚ್ಚಿನ ಅಭ್ಯಾಸಕ್ಕೆ ರೂಪ ಸಿಕ್ಕಿದ್ದು 1930ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಪಾಠ ಹೇಳಿದ ತಿರುಮಲೈ ಕೃಷ್ಣಮಾಚಾರ್ಯರಿಂದ. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರು. ಆ ಪರಂಪರೆಗೆ ನಾನು ಋಣಿ. ಆದರೆ ಆಸನಗಳಿಗಾಗಿಯೇ ಜಗತ್ತಿಗೆಲ್ಲ ಗೊತ್ತಿರುವ ಅಯ್ಯಂಗಾರರ 1966ರ ಪುಸ್ತಕ 'ಲೈಟ್ ಆನ್ ಯೋಗ' ಕೂಡ ಮೊದಲು ಯಮ ನಿಯಮಗಳನ್ನು ಹೇಳಿ ಆಮೇಲೆ ಆಸನಕ್ಕೆ ಬರುತ್ತದೆ. ಚಿತ್ರ ನೋಡುವ ಅವಸರದಲ್ಲಿ ಆ ಪುಟಗಳನ್ನು ದಾಟಿದ್ದು ನಾವು.

ಹಾಗಂತ ಯಮ ಪೂರ್ತಿ ಆದ ಮೇಲೇ ಆಸನ ಅಂತ ಕಾಯಬೇಡಿ. ಆಸನ ಸ್ಥಿರವಾದ ಮೇಲೆ ಪ್ರಾಣಾಯಾಮ ಅಂತ 49ನೇ ಸೂತ್ರ ಹೇಳುತ್ತದೆ, ಆ ಕ್ರಮ ಮೀರಬೇಡಿ. ಆದರೆ ಯಮ ಮುಗಿದ ಮೇಲೇ ಆಸನ ಅಂತ ಸೂತ್ರ ಎಲ್ಲೂ ಹೇಳಿಲ್ಲ. ಎರಡನ್ನೂ ಮೊದಲ ದಿನದಿಂದಲೇ ಜೊತೆಯಲ್ಲಿ ಹಿಡಿಯಬಹುದು.

ಇನ್ನು, ಹೇಳಲೇಬೇಕಾದ ಎಚ್ಚರಿಕೆ. ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ನಿದ್ದೆ ಕೆಟ್ಟಿದೆ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಮೊದಲು ಹೋಗಬೇಕಾದದ್ದು ಮನೋವೈದ್ಯರ ಹತ್ತಿರ. ಖಿನ್ನತೆ ಕಾಯಿಲೆ. 'ಯೋಗ ಶುರು ಮಾಡಿದೆ' ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಇಲ್ಲದ ದನಿಗಳು ಕೇಳಿಸುವವರು, ಹಿಂದೆ ಅಂಥ ತೊಂದರೆ ಆಗಿದ್ದವರು ವೈದ್ಯರನ್ನು ಕೇಳದೆ ದೀರ್ಘ ಧ್ಯಾನಕ್ಕೆ ಕೂರಬಾರದು. ರಕ್ತದೊತ್ತಡ, ಹೃದಯದ ತೊಂದರೆ, ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ) ಇರುವವರು, ಗರ್ಭಿಣಿಯರು ಶಿಬಿರದಲ್ಲಿ ಯಾರೋ ಹೇಳಿದರು ಅಂತ ಸುಮ್ನೆ ಉಸಿರು ಕಟ್ಟುವುದು, ತಲೆ ಕೆಳಗಾಗಿ ನಿಲ್ಲುವುದು ಮಾಡಬೇಡಿ. ಧ್ಯಾನದಲ್ಲಿ ಮನಸ್ಸು ಖಾಲಿಯಾಗಲಿಲ್ಲ ಅಂತ ಕೊರಗುವವರಿಗೆ ಒಂದು ಮಾತು. ಖಾಲಿ ಮಾಡಿ ಅಂತ ಸೂತ್ರ ಕೇಳಿಲ್ಲ. ಹಿಡಿದ ಒಂದೇ ವಿಷಯದಲ್ಲಿ ಮನಸ್ಸು ಒಂದೇ ಸಮನೆ ಹರಿದರೆ ಅದು ಧ್ಯಾನ. ಅದಕ್ಕೆ ಬಹಳ ಕಾಲ, ನಡುವೆ ಬಿಡದೆ, ಶ್ರದ್ಧೆಯಿಂದ ಮಾಡಿದ ಅಭ್ಯಾಸ ಬೇಕು.

ಹೊಸದಾಗಿ ಬರುವವರಿಗೆ ಈಗ ನಾನು ಕೊಡುವ ಮನೆಪಾಠ ಇಷ್ಟು. ಬೆಳಿಗ್ಗೆ ನಿಮ್ಮ ಮೈಗೆ ಒಗ್ಗುವ ಆಸನ, ಸ್ವಲ್ಪ ಹೊತ್ತು ಸುಮ್ಮನೆ ಉಸಿರು ನೋಡುವುದು. ರಾತ್ರಿ ಆ ಮೂರು ಸಾಲು: ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು. ಹಿಂಸೆ ಒಂದಕ್ಕೇ ಬರೆಯಬೇಕಿಲ್ಲ. ಸುಳ್ಳಿಗೂ ಬರೆಯಬಹುದು, ಇನ್ನೊಬ್ಬರದ್ದನ್ನು ಎತ್ತಿಕೊಂಡದ್ದಕ್ಕೂ ಬರೆಯಬಹುದು. ಬರೆದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ, ಅದೂ ಹಿಂಸೆಯೇ. ಪುಸ್ತಕ ನನಗೆ ತೋರಿಸಬೇಕಾಗಿಲ್ಲ. ತಿಂಗಳಾದ ಮೇಲೆ ಒಮ್ಮೆ ತಿರುವಿ ಹಾಕಿ, ಯಾರ ಹೆಸರು ಜಾಸ್ತಿ ಸಲ ಬಂದಿದೆ ಅಂತ ನೋಡಿ. ಆ ಹೆಸರಿನ ಎದುರು ಯಾವ ಯಮ ತಪ್ಪುತ್ತಿದೆ ಅನ್ನುವುದನ್ನು ಒಂದು ಪದದಲ್ಲಿ ಬರೆದುಕೊಂಡು ಬನ್ನಿ. ಮುಂದಿನ ಪಾಠ ಅಲ್ಲಿಂದ ಮಾಡೋಣ.