ಅಂಗೈ ಸುಡದ ಚಿಪ್‌ಗಾಗಿ ನಲವತ್ತು ವರ್ಷ

ಹೊಸ ಮೊಬೈಲ್ ಮಾರುಕಟ್ಟೆಗೆ ಬಂದಾಗಲೆಲ್ಲ ಅದರ ಪ್ರೊಸೆಸರ್ ಹೆಸರಿನಲ್ಲಿ ಒಂದು ಸಂಖ್ಯೆ ಮೆರೆಯುತ್ತದೆ. ಒಂದು ಕಾಲಕ್ಕೆ ಅದು ಗಿಗಾಹರ್ಟ್ಸ್ ಆಗಿತ್ತು. ಆಮೇಲೆ ಕೋರ್‌ಗಳ, ಅಂದರೆ ಚಿಪ್‌ನೊಳಗೆ ಆದೇಶಗಳನ್ನು ನಡೆಸುವ ಘಟಕಗಳ, ಎಣಿಕೆ ಬಂತು, ಅದರ ಹಿಂದೆಯೇ ನ್ಯಾನೋಮೀಟರ್ ಬಂತು. ಚಿಪ್ ವಿನ್ಯಾಸಕರು ಹಗಲಿರುಳು ಕಾಯುವ ಸಂಖ್ಯೆ ಮಾತ್ರ ಈ ಯಾವ ಜಾಹೀರಾತಿನಲ್ಲೂ ಕಾಣಿಸುವುದಿಲ್ಲ. ಅದು ವ್ಯಾಟ್. ಮೇಜಿನ ಮೇಲಿನ ಕಂಪ್ಯೂಟರಿನ ಪ್ರೊಸೆಸರ್ ನೂರು ವ್ಯಾಟ್ ನುಂಗಿದರೂ ಫ್ಯಾನ್ ತಿರುಗಿ ಆ ಶಾಖವನ್ನು ಹೊರಗೆ ಹಾಕುತ್ತದೆ. ಮೊಬೈಲಿನಲ್ಲಿ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ. ಚಿಪ್‌ನಲ್ಲಿ ಹುಟ್ಟಿದ ಬಿಸಿ ಗಾಜು, ಲೋಹಗಳ ಮೂಲಕ ಸಾಗಿ ಕೊನೆಗೆ ಬಳಕೆದಾರನ ಅಂಗೈಯನ್ನೇ ಸೇರಬೇಕು. ಇಡೀ ಸಾಧನ ಸತತವಾಗಿ ಮೂರರಿಂದ ಐದು ವ್ಯಾಟ್ ಖರ್ಚು ಮಾಡಿದರೆ ಕೈ ತಡೆದುಕೊಳ್ಳುತ್ತದೆ, ಅದನ್ನು ಮೀರಿದರೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಟ ಶುರುವಾದ ಕಾಲು ಗಂಟೆಗೆಲ್ಲ ಪರದೆಯ ಚಿತ್ರ ತಡವರಿಸತೊಡಗುವುದಕ್ಕೆ ಕಾರಣ ಇದೇ.

ತಮಾಷೆಯೆಂದರೆ, ಇವತ್ತಿನ ಹೆಚ್ಚುಕಡಿಮೆ ಎಲ್ಲ ಮೊಬೈಲ್ ಪ್ರೊಸೆಸರ್‌ಗಳ ಪೂರ್ವಜನನ್ನು ರೂಪಿಸಿದವರ ತಲೆಯಲ್ಲಿ ಮೊಬೈಲ್ ಇರಲೇ ಇಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದ್ದ ಏಕಾರ್ನ್ ಎಂಬ ಸಣ್ಣ ಕಂಪನಿ ಬಿಬಿಸಿಯ ಹೆಸರಿನ ಶಾಲಾ ಕಂಪ್ಯೂಟರಿನಿಂದ ಹೆಸರು ಮಾಡಿತ್ತು. ಮುಂದಿನ ಯಂತ್ರಕ್ಕೆ ಮಾರುಕಟ್ಟೆಯಲ್ಲಿದ್ದ ಯಾವ ಪ್ರೊಸೆಸರೂ ಮನಸ್ಸಿಗೆ ಬರಲಿಲ್ಲವಾದ್ದರಿಂದ, ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ 1983ರಲ್ಲಿ ತಾವೇ ಒಂದನ್ನು ಮಾಡಲು ಕುಳಿತರು. ಪ್ರೊಸೆಸರ್ ಪಾಲಿಸುವ ಆದೇಶಗಳನ್ನು ಕೆಲವೇ ಸರಳ ಬಗೆಗಳಿಗೆ ಇಳಿಸಿ ವೇಗ ಗಳಿಸುವ ‘ರಿಸ್ಕ್’ ಚಿಂತನೆ ಆಗಷ್ಟೇ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಿದ್ದಿತ್ತು. ಸಣ್ಣ ತಂಡಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಕಂಪನಿಯ ಸ್ಥಾಪಕರಲ್ಲೊಬ್ಬರಾದ ಹರ್ಮನ್ ಹೌಸರ್, ತಾನು ಈ ತಂಡಕ್ಕೆ ಹಣವನ್ನೂ ಕೊಡಲಿಲ್ಲ, ಜನರನ್ನೂ ಕೊಡಲಿಲ್ಲ, ಅದೇ ಅವರಿಗೆ ಒದಗಿದ ಅನುಕೂಲ ಎಂದು ಮುಂದೆ ಹೇಳಿಕೊಂಡರು. ಬಡತನದ ಹೊಗಳಿಕೆ ಸಾಮಾನ್ಯವಾಗಿ ಸುಳ್ಳಾಗಿರುತ್ತದೆ, ಇಲ್ಲಿ ಮಾತ್ರ ನಂಬಬಹುದು.

ವಿದ್ಯುತ್ ಉಳಿತಾಯ ಅವರ ಆದರ್ಶವೇನೂ ಆಗಿರಲಿಲ್ಲ. ಚಿಪ್‌ಗೆ ಪಿಂಗಾಣಿಯ ಹೊದಿಕೆ ದುಬಾರಿ, ಪ್ಲಾಸ್ಟಿಕ್ ಹೊದಿಕೆ ಅಗ್ಗ. ಪ್ಲಾಸ್ಟಿಕ್ ಕರಗದಿರಬೇಕಾದರೆ ಚಿಪ್ ಒಂದು ವ್ಯಾಟ್‌ನ ಒಳಗಿರಬೇಕು. ಇಷ್ಟೇ ಲೆಕ್ಕ. ಎಷ್ಟು ಉಳಿಯುತ್ತದೆಂದು ಅಳೆಯುವ ಸಲಕರಣೆ ಕೈಯಲ್ಲಿರಲಿಲ್ಲವಾದ್ದರಿಂದ ಎಲ್ಲ ಕಡೆಯೂ ಬಿಗಿ ಹಿಡಿದರು. 1985ರ ಏಪ್ರಿಲ್ 26ರಂದು ಸುಮಾರು 25,000 ಟ್ರಾನ್ಸಿಸ್ಟರ್‌ಗಳ, ಅಂದರೆ ವಿದ್ಯುತ್ತಿನ ಸೂಕ್ಷ್ಮ ಸ್ವಿಚ್‌ಗಳ, ‘ಆರ್ಮ್’ ಎಂದು ಹೆಸರಿಟ್ಟ ಮೊದಲ ಚಿಪ್ ಕೈಸೇರಿತು, ಮೊದಲ ಪ್ರಯತ್ನದಲ್ಲೇ ಕೆಲಸ ಮಾಡಿತು. ಅದು ಎಷ್ಟು ವಿದ್ಯುತ್ ಎಳೆಯುತ್ತದೆಂದು ನೋಡಲು ಮಾಪಕ ಜೋಡಿಸಿದಾಗ ಮುಳ್ಳು ಸೊನ್ನೆಯ ಮೇಲೆಯೇ ನಿಂತಿತ್ತು. ಹುಡುಕಿದರೆ, ಆ ಹಲಗೆಯಲ್ಲಿ ಚಿಪ್‌ಗೆ ವಿದ್ಯುತ್ ಪೂರೈಕೆಯ ತಂತಿಯೇ ಸೇರಿರಲಿಲ್ಲ. ಸಂಕೇತಗಳನ್ನು ಹೊತ್ತು ತರುವ ಪಿನ್‌ಗಳಿಂದ ಸೋರಿದ ಅಲ್ಪ ವಿದ್ಯುತ್ತಿನಿಂದಲೇ ಅದು ನಡೆಯುತ್ತಿತ್ತು.

ಏಕಾರ್ನ್ ಹೆಚ್ಚು ಕಾಲ ಮೆರೆಯಲಿಲ್ಲ. ಇತ್ತ ಆಪಲ್ ತನ್ನ ‘ನ್ಯೂಟನ್’ ಎಂಬ ಅಂಗೈ ಯಂತ್ರಕ್ಕೆ ಕಡಿಮೆ ವಿದ್ಯುತ್ತಿನ ಪ್ರೊಸೆಸರ್ ಹುಡುಕುತ್ತಿತ್ತು. 1990ರ ನವೆಂಬರಿನಲ್ಲಿ ಏಕಾರ್ನ್, ಆಪಲ್ ಮತ್ತು ಚಿಪ್ ತಯಾರಕ ವಿಎಲ್‌ಎಸ್‌ಐ ಟೆಕ್ನಾಲಜಿ ಸೇರಿ ಆರ್ಮ್ ಅನ್ನು ಪ್ರತ್ಯೇಕ ಕಂಪನಿಯಾಗಿ ಕಟ್ಟಿದವು. ಹನ್ನೆರಡು ಎಂಜಿನಿಯರ್‌ಗಳು, ಕೇಂಬ್ರಿಡ್ಜ್ ಬಳಿಯ ಹಳ್ಳಿಯೊಂದರ ಹಳೆಯ ಕಣಜ. ಕಾರ್ಖಾನೆ ಕಟ್ಟುವ ಮಾತಿರಲಿ, ಚಿಪ್ ಮಾಡಿಸಿ ಮಾರುವಷ್ಟೂ ಬಂಡವಾಳವಿರಲಿಲ್ಲ. ಹೀಗಾಗಿ ಅವರು ವಿನ್ಯಾಸವನ್ನೇ ಮಾರಲು ಹೊರಟರು: ಪರವಾನಗಿಗೆ ಮುಂಗಡವಾಗಿ ಒಂದಿಷ್ಟು, ಮಾರಾಟವಾದ ಪ್ರತಿ ಚಿಪ್‌ಗೆ ಸಣ್ಣ ಮೊತ್ತದ ರಾಯಧನ. ನ್ಯೂಟನ್ 1993ರಲ್ಲಿ ಬಂದು ಸೋತಿತು. ಮಾರಾಟದ ಈ ಪದ್ಧತಿ ಮಾತ್ರ ಉಳಿದು ಲೋಕವನ್ನೇ ಆವರಿಸಿತು.

ಅದನ್ನು ಉಳಿಸಿಕೊಟ್ಟದ್ದು ನೋಕಿಯಾ. ಆರ್ಮ್‌ನ ಪ್ರತಿ ಆದೇಶವೂ 32 ಬಿಟ್‌ಗಳಷ್ಟು ಉದ್ದ. ಸರಳತೆಗೆ ಅದು ಒಳ್ಳೆಯದೇ, ಆದರೆ ತಂತ್ರಾಂಶ ಉಬ್ಬಿಕೊಂಡು ಹೆಚ್ಚು ಮೆಮೊರಿ ಕೇಳುತ್ತದೆ. ಅಂದಿನ ಫೋನಿನಲ್ಲಿ ಮೆಮೊರಿಯೇ ದುಬಾರಿ ವಸ್ತು. ಹೆಚ್ಚಾಗಿ ಬಳಕೆಯಾಗುವ ಆದೇಶಗಳನ್ನು 16 ಬಿಟ್‌ಗೆ ಅಡಕಗೊಳಿಸುವ ‘ಥಂಬ್’ ಎಂಬ ಉಪಾಯವನ್ನು ಆರ್ಮ್ ಹೂಡಿತು. ತಂತ್ರಾಂಶದ ಗಾತ್ರ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಈ ವಿನ್ಯಾಸವುಳ್ಳ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ 1990ರ ದಶಕದ ಕೊನೆಯ ನೋಕಿಯಾ 6110ರೊಳಗೆ ಕುಳಿತಿತು. ಮೊಬೈಲಿನಲ್ಲಿ ಹಾವಿನ ಆಟ ಶುರುವಾದದ್ದೂ ಆ ಫೋನಿನಲ್ಲೇ.

ಇನ್ನು ಇಂಟೆಲ್ ಕೈತಪ್ಪಿಸಿಕೊಂಡ ಕಥೆ. ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿ ಡ್ಯಾನ್ ಡಾಬರ್‌ಪೂಲ್ ಅವರ ತಂಡ ಆರ್ಮ್ ಪರವಾನಗಿ ಪಡೆದು 1996ರಲ್ಲಿ ‘ಸ್ಟ್ರಾಂಗ್‌ಆರ್ಮ್’ ತಂದಿತು. 160 ಮೆಗಾಹರ್ಟ್ಸ್ ವೇಗದಲ್ಲೂ ಅದು ಅರ್ಧ ವ್ಯಾಟ್ ಮುಟ್ಟುತ್ತಿರಲಿಲ್ಲ. ಡಿಜಿಟಲ್ ಮತ್ತು ಇಂಟೆಲ್ ನಡುವಿನ ಪೇಟೆಂಟ್ ಮೊಕದ್ದಮೆ ರಾಜಿಯಲ್ಲಿ ಮುಗಿದಾಗ ಈ ಚಿಪ್ ಇಂಟೆಲ್ ಪಾಲಾಯಿತು. ಇಂಟೆಲ್ ಅದನ್ನು ‘ಎಕ್ಸ್‌ಸ್ಕೇಲ್’ ಎಂದು ಬೆಳೆಸಿ, 2006ರಲ್ಲಿ 60 ಕೋಟಿ ಡಾಲರ್‌ಗೆ ಮಾರ್ವೆಲ್ ಕಂಪನಿಗೆ ಮಾರಿಬಿಟ್ಟಿತು. ಮುಂದಿನ ವರ್ಷವೇ ಐಫೋನ್ ಬಂತು. ಅದರ ಚಿಪ್ ಮಾಡಿಕೊಡುವಂತೆ ಆಪಲ್ ಕೇಳಿದಾಗ, ಆಪಲ್ ಹೇಳಿದ ಬೆಲೆ ತಮ್ಮ ಅಂದಾಜು ವೆಚ್ಚಕ್ಕಿಂತ ಕಡಿಮೆಯೆಂದು ತಾವು ಒಪ್ಪಲಿಲ್ಲ, ಆ ಅಂದಾಜೇ ತಪ್ಪಾಗಿತ್ತು ಎಂದು ಇಂಟೆಲ್ ಮುಖ್ಯಸ್ಥರಾಗಿದ್ದ ಪಾಲ್ ಒಟೆಲಿನಿ 2013ರಲ್ಲಿ ಹುದ್ದೆ ಬಿಡುವ ಹೊತ್ತಿಗೆ ಹೇಳಿದರು. ಡಾಬರ್‌ಪೂಲ್ ಅಷ್ಟರಲ್ಲಿ ಪಿ.ಎ. ಸೆಮಿ ಎಂಬ ಕಂಪನಿ ಕಟ್ಟಿದ್ದರು. 2008ರಲ್ಲಿ ಆಪಲ್ ಅದನ್ನು 27.8 ಕೋಟಿ ಡಾಲರ್‌ಗೆ ಕೊಂಡಿತು. ಎರಡು ವರ್ಷಗಳ ಬಳಿಕ ಮೊದಲ ಐಪ್ಯಾಡ್‌ನಲ್ಲಿ ಆಪಲ್‌ನ ಸ್ವಂತ ಚಿಪ್ ‘ಎ4’ ಕಾಣಿಸಿಕೊಂಡಿತು.

ಮೊದಲ ಐಫೋನಿನೊಳಗೆ ಇದ್ದದ್ದು ಸ್ಯಾಮ್‌ಸಂಗ್ ತಯಾರಿಸಿದ ಚಿಪ್. 620 ಮೆಗಾಹರ್ಟ್ಸ್‌ವರೆಗೆ ಓಡಬಲ್ಲ ಅದನ್ನು 412ಕ್ಕೆ ಕಟ್ಟಿಹಾಕಲಾಗಿತ್ತು. ಇರುವ ವೇಗವನ್ನು ಬಿಟ್ಟುಕೊಡುವುದು ದಡ್ಡತನದಂತೆ ತೋರಬಹುದು. ಆದರೆ ಟ್ರಾನ್ಸಿಸ್ಟರ್‌ಗಳು ಬದಲಾಗುವಾಗ ಖರ್ಚಾಗುವ ವಿದ್ಯುತ್ತು ಆವರ್ತನದ, ಅಂದರೆ ಚಿಪ್ ಓಡುವ ವೇಗದ, ಜೊತೆ ನೇರವಾಗಿ, ವೋಲ್ಟೇಜ್ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ನಿಧಾನವಾಗಿ ಓಡುವ ಚಿಪ್‌ಗೆ ಕಡಿಮೆ ವೋಲ್ಟೇಜ್ ಸಾಕು. ಎರಡನ್ನೂ ಶೇಕಡಾ 10ರಷ್ಟು ಇಳಿಸಿದರೆ ವಿದ್ಯುತ್ ಖರ್ಚು ಶೇಕಡಾ 27ರಷ್ಟು ಇಳಿಯುತ್ತದೆ. ಮೊಬೈಲ್ ಚಿಪ್ ವಿನ್ಯಾಸದ ಅರ್ಧ ವಿದ್ಯೆ ಈ ಒಂದು ಲೆಕ್ಕದಲ್ಲಿದೆ.

ಉಳಿದರ್ಧಕ್ಕೆ ಇನ್ನೊಂದು ಹಿನ್ನೆಲೆ ಬೇಕು. ಟ್ರಾನ್ಸಿಸ್ಟರ್ ಕಿರಿದಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜ್ ಕೂಡ ಇಳಿಯುತ್ತದೆ, ಹಾಗಾಗಿ ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಬಿಸಿ ಹೆಚ್ಚುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಮೂರು ದಶಕ ನಡೆದ ಈ ನಿಯಮ 2005ರ ಆಸುಪಾಸಿನಲ್ಲಿ ಕೈಕೊಟ್ಟಿತು. ವೋಲ್ಟೇಜ್ ಇನ್ನೂ ಇಳಿಸಿದರೆ ಟ್ರಾನ್ಸಿಸ್ಟರ್ ಆರಿಸಿದಾಗಲೂ ವಿದ್ಯುತ್ ಸೋರತೊಡಗುತ್ತದೆ. ಸ್ಮಾರ್ಟ್‌ಫೋನ್ ಹುಟ್ಟಿದ್ದೇ ಈ ಗೋಡೆಗೆ ಬೆನ್ನು ಹಚ್ಚಿ. ಟ್ರಾನ್ಸಿಸ್ಟರ್‌ಗಳಿಗೆ ಬರವಿಲ್ಲ, ಆದರೆ ಎಲ್ಲವನ್ನೂ ಒಟ್ಟಿಗೆ ಬೆಳಗಿಸುವಂತಿಲ್ಲ.

ಈ ಇಕ್ಕಟ್ಟಿಗೆ ಕಂಡ ಮೊದಲ ಉತ್ತರ ಅಸಮಾನ ಕೋರ್‌ಗಳು. ಸಂದೇಶ ಬಂದಿದೆಯೇ ಎಂದು ನೋಡಲು ಆಟಕ್ಕೆಂದು ಮಾಡಿದ ದೊಡ್ಡ ಕೋರ್ ಎಬ್ಬಿಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಹೂಡಿದಂತೆ. 2011ರ ಅಕ್ಟೋಬರಿನಲ್ಲಿ ಆರ್ಮ್ ‘ಬಿಗ್ ಲಿಟ್ಲ್’ ಜೋಡಣೆಯನ್ನು ಪ್ರಕಟಿಸಿತು. ದೊಡ್ಡ, ಸಣ್ಣ ಕೋರ್‌ಗಳೆರಡೂ ಒಂದೇ ಆದೇಶಗಳನ್ನು ಪಾಲಿಸುತ್ತವೆ, ಕೆಲಸದ ಭಾರ ನೋಡಿ ಕಾರ್ಯಾಚರಣೆ ವ್ಯವಸ್ಥೆ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಉಪಾಯ ಸೊಗಸಾದದ್ದು, ಅದರ ಮಾರಾಟವೇ ಅಪಹಾಸ್ಯ. ನಾಲ್ಕು ದೊಡ್ಡದು, ನಾಲ್ಕು ಸಣ್ಣದು ಸೇರಿ ಎಂಟಾದವು, ಎಂಟು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಈ ಫೋನ್ ಮೇಲು. ಚಿಪ್ ಕಂಪನಿ ಮೀಡಿಯಾಟೆಕ್ 2015ರಲ್ಲಿ ಹತ್ತು ಕೋರ್‌ಗಳವರೆಗೂ ಹೋಯಿತು. ಸಾಮಾನ್ಯ ಬಳಕೆಯಲ್ಲಿ ಹತ್ತಕ್ಕೆ ಹತ್ತಕ್ಕೂ ಕೆಲಸ ಸಿಗುವ ಗಳಿಗೆಗಳೇ ಅಪರೂಪ.

ಇದೇ ಅಬ್ಬರದ ನಡುವೆ 2013ರಲ್ಲಿ ಆಪಲ್ ತಂದ ‘ಎ7’ನಲ್ಲಿದ್ದದ್ದು ಎರಡೇ ಕೋರ್, ವೇಗ 1.3 ಗಿಗಾಹರ್ಟ್ಸ್. ಕಾಗದದ ಮೇಲೆ ಸೋತ ಚಿಪ್. ಆದರೆ ಚಿಪ್‌ನ ಗಡಿಯಾರದ ಒಂದು ಬಡಿತಕ್ಕೆ ಆರು ಆದೇಶಗಳವರೆಗೆ ಬಿಡಿಸಿಕೊಳ್ಳುವಷ್ಟು ಅಗಲವಾದ ಕೋರ್ ಅದು. ಹೆಚ್ಚು ಬಾರಿ ಬಡಿಯುವ ಬದಲು ಪ್ರತಿ ಬಡಿತದಲ್ಲೂ ಹೆಚ್ಚು ಕೆಲಸ ಮುಗಿಸಿ ಬೇಗ ಮಲಗಿಬಿಡುವುದು ಅದರ ತಂತ್ರ. ಒಮ್ಮೆಗೆ 64 ಬಿಟ್‌ಗಳ ಸಂಖ್ಯೆಗಳನ್ನು ನಿಭಾಯಿಸುವುದನ್ನು ಫೋನಿಗೆ ತಂದ ಮೊದಲ ಚಿಪ್ ಕೂಡ ಅದೇ. ಚಿಪ್ ಕಂಪನಿ ಕ್ವಾಲ್ಕಾಂನ ಅಧಿಕಾರಿಯೊಬ್ಬರು ಅದನ್ನು ಬರೀ ಪ್ರಚಾರದ ಗಿಮಿಕ್ ಎಂದರು, ಕೆಲವೇ ದಿನಗಳಲ್ಲಿ ಕಂಪನಿ ಆ ಮಾತನ್ನು ಹಿಂತೆಗೆದುಕೊಂಡಿತು. ಆತುರಾತುರವಾಗಿ 64 ಬಿಟ್‌ಗೆ ಹೊರಳಿದ ಕ್ವಾಲ್ಕಾಂ ತನ್ನ ಸ್ವಂತ ಕೋರ್ ಬಿಟ್ಟು ಆರ್ಮ್‌ನ ಸಿದ್ಧ ಕೋರ್‌ಗಳಿಂದ ‘ಸ್ನ್ಯಾಪ್‌ಡ್ರ್ಯಾಗನ್ 810’ ಮಾಡಿತು. 2015ರಲ್ಲಿ ಅದರ ಬಿಸಿಯ ದೂರುಗಳು ಎಲ್ಲೆಡೆ ಸುದ್ದಿಯಾದವು. ಆ ವರ್ಷದ ಗ್ಯಾಲಕ್ಸಿ ಎಸ್6ಗೆ ಸ್ಯಾಮ್‌ಸಂಗ್ ತನ್ನದೇ ಎಕ್ಸಿನೋಸ್ ಚಿಪ್ ಹಾಕಿಕೊಂಡಿತು. ಮರುವರ್ಷದ ‘820’ರಲ್ಲಿ ಕ್ವಾಲ್ಕಾಂ ಸದ್ದಿಲ್ಲದೆ ನಾಲ್ಕು ಕೋರ್‌ಗೆ ಇಳಿಯಿತು.

ಟ್ಯಾಬ್ಲೆಟ್ ಈ ಕಥೆಯ ಸ್ವಲ್ಪ ಸಡಿಲ ಅಂಗಳ. ಅದರ ಹಿಂಬದಿ ಅಗಲ, ಬ್ಯಾಟರಿ ದೊಡ್ಡದು, ಹಾಗಾಗಿ ಹೆಚ್ಚು ವ್ಯಾಟ್ ಸಲ್ಲುತ್ತದೆ. 2012ರ ಐಪ್ಯಾಡ್‌ನ 2048×1536 ಚುಕ್ಕೆಗಳ ಪರದೆಯನ್ನು ತುಂಬಿಸಲು ಗ್ರಾಫಿಕ್ಸ್ ಭಾಗವನ್ನು ಇಮ್ಮಡಿಸಿದ ‘ಎ5ಎಕ್ಸ್’ ಸುಮಾರು 160 ಚದರ ಮಿಲಿಮೀಟರ್ ಹರಡಿತ್ತು, ಕೈಸಾಧನದ ಚಿಪ್‌ಗೆ ಅದು ದೈತ್ಯ ಗಾತ್ರ. ಇದೇ ವಂಶದ ಚಿಪ್ ಬೆಳೆದು 2020ರಲ್ಲಿ ‘ಎಂ1’ ಎಂಬ ಹೆಸರಿನಲ್ಲಿ ಇಂಟೆಲ್ ಅನ್ನು ಮ್ಯಾಕ್ ಕಂಪ್ಯೂಟರಿನಿಂದಲೇ ಹೊರದಬ್ಬಿತು, ಮರುವರ್ಷ ಐಪ್ಯಾಡ್ ಪ್ರೊಗೂ ಬಂತು.

ಪ್ರೊಸೆಸರ್ ಎಂದು ನಾವು ಕರೆಯುವುದರಲ್ಲಿ ಕೋರ್‌ಗಳು ಆಕ್ರಮಿಸುವ ಜಾಗ ಈಗ ಸಣ್ಣದು. ಗ್ರಾಫಿಕ್ಸ್, ಕ್ಯಾಮೆರಾ ಚಿತ್ರ ತಿದ್ದುವ ಭಾಗ, ವಿಡಿಯೊ ಬಿಡಿಸುವ ಭಾಗ, ಅನೇಕ ಚಿಪ್‌ಗಳಲ್ಲಿ ಮೊಬೈಲ್ ಜಾಲಕ್ಕೆ ಬೆಸೆಯುವ ಮೋಡೆಮ್ ಕೂಡ ಒಂದೇ ಚೂರು ಸಿಲಿಕಾನ್ ಮೇಲಿವೆ. ಒಂದೇ ಕೆಲಸಕ್ಕೆಂದು ಮಾಡಿದ ವಿದ್ಯುನ್ಮಂಡಲ ಆ ಕೆಲಸವನ್ನು ಸಾಮಾನ್ಯ ಕೋರ್‌ಗಿಂತ ಎಷ್ಟೋ ಕಡಿಮೆ ವಿದ್ಯುತ್ತಿನಲ್ಲಿ ಮುಗಿಸುತ್ತದೆ, ಉಳಿದ ಹೊತ್ತು ಕತ್ತಲಲ್ಲಿರುತ್ತದೆ. ಎಲ್ಲವನ್ನೂ ಬೆಳಗಿಸಲಾಗದ ಕಾಲಕ್ಕೆ ಇದಕ್ಕಿಂತ ಒಪ್ಪುವ ಜೋಡಣೆ ಇಲ್ಲ. 2017ರಲ್ಲಿ ಹುವಾವೆಯ ‘ಕಿರಿನ್ 970’ ಮತ್ತು ಆಪಲ್‌ನ ‘ಎ11’ ಕೃತಕ ಬುದ್ಧಿಮತ್ತೆಯ ನರಜಾಲದ ಲೆಕ್ಕಗಳಿಗೂ ಪ್ರತ್ಯೇಕ ಭಾಗ ತಂದವು.

ನ್ಯಾನೋಮೀಟರ್ ಬಗ್ಗೆ ಒಂದೇ ಮಾತು: ‘3 ನ್ಯಾನೋಮೀಟರ್’ ಚಿಪ್‌ನಲ್ಲಿ ಅಳೆದರೆ ಅಷ್ಟು ಸಣ್ಣಗಿರುವ ಟ್ರಾನ್ಸಿಸ್ಟರ್ ಸಿಗುವುದಿಲ್ಲ, ಅದು ತಯಾರಿಕೆಯ ಪೀಳಿಗೆಗೆ ಇಟ್ಟ ಹೆಸರಷ್ಟೇ. ಆದರೆ ಪೀಳಿಗೆ ಬದಲಾವಣೆ ನಿಜ. 2023ರ ‘ಎ17 ಪ್ರೊ’ದಲ್ಲಿ 1,900 ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ಇಂಥ ಚಿಪ್‌ಗಳಲ್ಲಿ ಹೆಚ್ಚಿನವು ತೈವಾನಿನ ಟಿಎಸ್‌ಎಂಸಿಯ ಕಾರ್ಖಾನೆಗಳಿಂದಲೇ ಬರುತ್ತವೆ. ಆ ಬಾಗಿಲು ಮುಚ್ಚಿದರೆ ವಿನ್ಯಾಸ ಎಷ್ಟು ಜಾಣತನದ್ದಾದರೂ ನಿಷ್ಪ್ರಯೋಜಕ ಎಂಬುದನ್ನು 2020ರ ಅಮೆರಿಕದ ನಿರ್ಬಂಧಗಳ ನಂತರ ಹುವಾವೆ ಅನುಭವಿಸಿತು.

ಹೊಸ ತಯಾರಿಕಾ ಪೀಳಿಗೆಗಳು ಹಳೆಯ ಉತ್ತರಗಳನ್ನೂ ತಿರುವುಮುರುವು ಮಾಡಿವೆ. 2023ರ ಮೀಡಿಯಾಟೆಕ್ ‘ಡೈಮೆನ್ಸಿಟಿ 9300’ ಮತ್ತು ಮರುವರ್ಷದ ‘ಸ್ನ್ಯಾಪ್‌ಡ್ರ್ಯಾಗನ್ 8 ಎಲೀಟ್’ ಸಣ್ಣ ಕೋರ್‌ಗಳನ್ನೇ ಕೈಬಿಟ್ಟವು. ದೊಡ್ಡ ಕೋರ್ ಅನ್ನು ಕಡಿಮೆ ವೋಲ್ಟೇಜ್‌ನಲ್ಲಿ ನಡೆಸಿ, ಕೆಲಸವನ್ನು ಬೇಗ ಮುಗಿಸಿ ಮಲಗಿಸುವುದೇ ಲಾಭವೆಂಬುದು ಅವರ ಲೆಕ್ಕ.

ಈಗಿನ ತಲೆನೋವು ಲೆಕ್ಕ ಮಾಡುವುದಲ್ಲ, ಲೆಕ್ಕಕ್ಕೆ ಬೇಕಾದ ದತ್ತಾಂಶವನ್ನು ತರುವುದು. ಎರಡು ಸಂಖ್ಯೆಗಳನ್ನು ಕೂಡಲು ಬೇಕಾದ ಶಕ್ತಿಯ ನೂರಾರು ಪಟ್ಟು ಆ ಸಂಖ್ಯೆಗಳನ್ನು ಹೊರಗಿನ ಮೆಮೊರಿಯಿಂದ ಓದಲು ಖರ್ಚಾಗುತ್ತದೆ. 300 ಕೋಟಿ ತೂಕಾಂಕಗಳ (ಮಾದರಿ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳ) ಭಾಷಾ ಮಾದರಿಯನ್ನು ತಲಾ 4 ಬಿಟ್‌ಗೆ ಹಿಂಡಿದರೂ ಅದು ಒಂದೂವರೆ ಗಿಗಾಬೈಟ್ ಆಗುತ್ತದೆ. ಉತ್ತರದ ಪ್ರತಿ ಪದ ಅಥವಾ ಪದದ ತುಣುಕಿಗೂ ಅಷ್ಟನ್ನೂ ಒಮ್ಮೆ ಓದಬೇಕು, ಸೆಕೆಂಡಿಗೆ ಇಪ್ಪತ್ತು ತುಣುಕು ಬೇಕೆಂದರೆ 30 ಗಿಗಾಬೈಟ್. ಮೆಮೊರಿಯನ್ನು ಆದಷ್ಟು ಹತ್ತಿರ ಇಡಬೇಕೆಂದು ಫೋನ್‌ಗಳಲ್ಲಿ ಬಹುಕಾಲದಿಂದ ಅದನ್ನು ಪ್ರೊಸೆಸರ್‌ನ ನೆತ್ತಿಯ ಮೇಲೆಯೇ ಕೂರಿಸಲಾಗುತ್ತಿದೆ. ಅಲ್ಲಿ ಕೆಳಗಿನ ಬಿಸಿ ಅದನ್ನು ನೇರವಾಗಿ ತಟ್ಟುತ್ತದೆ. 85 ಡಿಗ್ರಿ ದಾಟಿದರೆ ಮೆಮೊರಿಯ ಕೋಶಗಳಲ್ಲಿನ ವಿದ್ಯುದಂಶ ಬೇಗ ಸೋರುವುದರಿಂದ ಅದನ್ನು ಎರಡು ಪಟ್ಟು ಬೇಗ ಮರುತುಂಬಬೇಕು, ಆ ಮರುತುಂಬುವಿಕೆಗೂ ವಿದ್ಯುತ್ ಬೇಕು. ‘ಎಂ1’ ಮಾದರಿಯ ಟ್ಯಾಬ್ಲೆಟ್ ಚಿಪ್‌ಗಳಲ್ಲಿ ಮೆಮೊರಿಯನ್ನು ನೆತ್ತಿಯಿಂದ ಇಳಿಸಿ ಪಕ್ಕಕ್ಕಿಟ್ಟರು. ಫೋನಿನಲ್ಲಿ ಹಾಗೆ ಮಾಡಲು ಹೊರಟರೆ ಜಾಗ ಬಿಟ್ಟುಕೊಡಬೇಕಾದದ್ದು ಬ್ಯಾಟರಿ.