ಗ್ರೂವ್ ಇದ್ದರೆ ಸಾಕಾ? ಮಳೆಗೆ ಮೊದಲು ಟಯರಿನ ಆಕಾರ ನೋಡಿ

ಮೇ ತಿಂಗಳ ಕೊನೆಗೆ ಅಂಗಡಿಯಲ್ಲಿ ಬೈಕುಗಳ ಸಾಲು. ಮಳೆ ಹತ್ತಿರ ಬಂತು, ಬ್ರೇಕ್ ನೋಡಿ, ಚೈನ್ ನೋಡಿ ಅನ್ನುತ್ತಾರೆ. ಟಯರ್ ನೋಡಿ ಅನ್ನುವವರು ಕಡಿಮೆ. ನಾನೇ ಕೇಳಿದರೆ, "ಗ್ರೂವ್ ಉಂಟಲ್ಲ ಅಣ್ಣ" ಎನ್ನುತ್ತಾರೆ. ಗ್ರೂವ್ ಅಂದರೆ ಟಯರಿನ ಮೈಯಲ್ಲಿರುವ ಗೀರುಗಳು.

ಕಳೆದ ವರ್ಷ ಮುಳ್ಳೇರಿಯ ಕಡೆಯ ಹುಡುಗನೊಬ್ಬ ಬಂದ. ದಿನಾ ಚೆರ್ಕಳ-ಜಾಲ್ಸೂರು ರಸ್ತೆ ಹಿಡಿದು ಕಾಸರಗೋಡಿಗೆ ಕೆಲಸಕ್ಕೆ ಹೋಗಿ ಬರುವವನು. "ತಿರುವಿನಲ್ಲಿ ಮೊದಲು ಗಾಡಿ ವಾಲುವುದೇ ಇಲ್ಲ, ಆಮೇಲೆ ಒಮ್ಮೆಲೇ ಬಿದ್ದ ಹಾಗೆ ಆಗ್ತದೆ, ಫೋರ್ಕ್ ಹೋಗಿದೆಯಾ ಅಂತ" ಎಂದ. ಫೋರ್ಕ್ ಅಂದರೆ ಮುಂದಿನ ಚಕ್ರ ಹಿಡಿದಿರುವ ಜೋಡಿ ಕಾಲು, ಅದು ಸರಿ ಇತ್ತು. ಸ್ಟ್ಯಾಂಡ್ ಹಾಕಿ ಹಿಂದಿನ ಟಯರಿನ ಮೇಲೆ ಅಡ್ಡಕ್ಕೆ ಸ್ಟೀಲ್ ಸ್ಕೇಲ್ ಇಟ್ಟೆ. ಹೊಸ ಟಯರ್ ಆದರೆ ಸ್ಕೇಲ್ ನಡುವೆ ಮಾತ್ರ ತಾಗಿ ತಕ್ಕಡಿಯ ಹಾಗೆ ಆಚೀಚೆ ಆಡುತ್ತದೆ. ಇದರಲ್ಲಿ ಮಣೆಯ ಮೇಲೆ ಇಟ್ಟ ಹಾಗೆ ಕೂತುಬಿಟ್ಟಿತು. ನಡುವೆ ಎರಡೂವರೆ ಬೆರಳು ಅಗಲ ಚಪ್ಪಟೆ. ಬದಿಯ ಗ್ರೂವ್ ಮಾತ್ರ ಹೊಸದರ ಹಾಗೇ ಇತ್ತು, ಅವನು ನೋಡಿದ್ದು ಅದನ್ನೇ.

ಬೈಕ್ ತಿರುಗುವುದು ವಾಲಿಕೊಂಡು, ಅದಕ್ಕೇ ಅದರ ಟಯರ್ ದುಂಡಗಿರುತ್ತದೆ. ಇಂಜಿನ್ನಿನ ಎಳೆತವೆಲ್ಲ ಹಿಂದಿನ ಚಕ್ರಕ್ಕೆ, ಓಡುವುದು ಹೆಚ್ಚಾಗಿ ನೇರಕ್ಕೆ, ಹಾಗಾಗಿ ಅದರ ನಡು ಮೊದಲು ಸವೆಯುತ್ತದೆ. ಚಪ್ಪಟೆ ಜಾಗ ಮುಗಿಯುವಲ್ಲಿ ಒಂದು ಏಣು ಹುಟ್ಟುತ್ತದೆ. ವಾಲಿಸುವಾಗ ಗಾಡಿ ಆ ಏಣನ್ನು ಹತ್ತಬೇಕು, ಆಗ ಬಿಗಿ ಅನಿಸುತ್ತದೆ. ದಾಟಿದ ಕೂಡಲೇ ಧಡಕ್ಕನೆ ಇಳಿಯುತ್ತದೆ. ಒಣ ರಸ್ತೆಯಲ್ಲಿ ಹೇಗೋ ಸುಧಾರಿಸಬಹುದು. ಆದರೆ ಮೊದಲ ಮಳೆಗೆ ತಿಂಗಳುಗಟ್ಟಲೆ ಬಿದ್ದ ಎಣ್ಣೆ, ರಬ್ಬರ್ ಹುಡಿ, ಕೆಂಪುಕಲ್ಲಿನ ಲಾರಿಯಿಂದ ಉದುರಿದ ಮಣ್ಣು ಎಲ್ಲ ನೀರಿನ ಜೊತೆ ಸೇರಿ ಸಾಬೂನಿನ ಹಾಗಾಗುತ್ತದೆ, ಅಲ್ವಾ? ಅಂಥ ತಿರುವಿನಲ್ಲಿ ಗಾಡಿ ಒಮ್ಮೆಲೇ ಇಳಿದರೆ ಕೈಗೆ ಸಿಗುವುದಿಲ್ಲ.

ಕಾನೂನಿನ ಪ್ರಕಾರ ದ್ವಿಚಕ್ರ ವಾಹನದ ಟಯರಿಗೆ ಗ್ರೂವ್ ಕನಿಷ್ಠ 0.8 ಮಿಮೀ ಆಳ ಇರಬೇಕು. ನಮ್ಮ ಮಳೆಗೆ ಅದು ಸಾಲದು. 2 ಮಿಮೀ ಆಗುವಾಗಲೇ ನಾನು ಬದಲಾಯಿಸಲು ಹೇಳುತ್ತೇನೆ. ಬೋಳಾದ ಟಯರಿಗೆ ಬಿಸಿ ಬ್ಲೇಡಿನಲ್ಲಿ ಗ್ರೂವ್ ಕೊರೆದುಕೊಡುವವರಿದ್ದಾರೆ, ದಯವಿಟ್ಟು ಅದನ್ನು ಮಾಡಿಸಬೇಡಿ. ಅಲ್ಲಿ ಉಳಿದಿರುವುದೇ ತೆಳ್ಳಗಿನ ರಬ್ಬರ್, ಅದರ ಕೆಳಗೆ ನೂಲು.

ಗಾಳಿಯ ವಿಷಯವೂ ಉಂಟು. ಆ ಹುಡುಗನ ಎರಡೂ ಟಯರಿನಲ್ಲಿ ಗಾಳಿಯ ಒತ್ತಡ 40 ಪಿಎಸ್‌ಐ ಇತ್ತು, "ಗಟ್ಟಿ ಇರಲಿ" ಅಂತ ಹಾಕಿಸಿದ್ದು. ಗಾಳಿ ಜಾಸ್ತಿಯಾದರೆ ರಸ್ತೆಗೆ ತಾಗುವ ಜಾಗ ಚಿಕ್ಕದಾಗುತ್ತದೆ, ನಡು ಇನ್ನೂ ಬೇಗ ಸವೆಯುತ್ತದೆ. 125 ಸಿಸಿಯ ಬೈಕುಗಳಿಗೆ ಸಾಮಾನ್ಯವಾಗಿ ಮುಂದೆ 25, ಹಿಂದೆ 29ರ ಆಸುಪಾಸು ಸಾಕು, ಹಿಂದೆ ಜನ ಕೂತರೆ ಸ್ವಲ್ಪ ಹೆಚ್ಚು. ನಿಮ್ಮ ಗಾಡಿಯ ಸ್ಟಿಕ್ಕರಿನಲ್ಲಿ ಏನಿದೆಯೋ ಅದೇ ಲೆಕ್ಕ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಿಸಿ.

ಹಿಂದಿನ ಟಯರ್ ಹೊಸದು ಹಾಕಿದೆ. ಹೊಸ ರಬ್ಬರಿನ ಮೇಲ್ಮೈ ನುಣುಪು, ಮೊದಲ 100-150 ಕಿಲೋಮೀಟರ್ ಜೋರಾಗಿ ವಾಲಿಸಬೇಡ ಎಂದೆ. ಮುಂದಿನದು ಚೆನ್ನಾಗಿದೆಯಲ್ಲ ಎಂದು ಅವನು ಹೊರಡಲು ನಿಂತ. ನೋಡಲು ಚೆನ್ನಾಗೇ ಇತ್ತು. ಮುಂದಿನ ಟಯರ್ ನಿಧಾನ ಸವೆಯುತ್ತದೆ, ಎಷ್ಟೋ ಸಲ ಸವೆಯುವ ಮೊದಲೇ ಬಿಸಿಲಿಗೆ ಮುದಿಯಾಗುತ್ತದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಬರುವುದು ಅದರ ಮೇಲೆಯೇ. ಉಗುರು ಒತ್ತಿದೆ, ಗುರುತೇ ಬೀಳಲಿಲ್ಲ. ಗ್ರೂವಿನ ತಳದಲ್ಲಿ ಕೂದಲೆಳೆಯಂಥ ಬಿರುಕುಗಳು. ಬದಿಯ ಕೆಂಪು ಮಣ್ಣು ಒರೆಸಿ ತಯಾರಾದ ದಿನದ ನಾಲ್ಕು ಅಂಕಿ ತೋರಿಸಿದೆ: 1416. 2016ರ ಹದಿನಾಲ್ಕನೇ ವಾರ. ಅವನು ಅದನ್ನು ಎರಡು ಸಲ ಓದಿದ, ಆಮೇಲೆ ಕೀಲಿಕೈ ಮತ್ತೆ ನನ್ನ ಕೈಗೆ ಕೊಟ್ಟ.